ಕಾಲರಿನ ಒಳಗಿನ ದೇಶ

ಅಕ್ಕ ಒಂದು ಅಂಗಿಯನ್ನು ನನ್ನ ತೊಡೆಯ ಮೇಲೆ ಹಾಕಿ, ನೋಡಿ ಹೇಳು ಅಂದಿದ್ದಳು. ನನಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ಆಮೇಲೆ ಹೇಳಲು ವರ್ಷಗಟ್ಟಲೆ ಸಮಯವಿತ್ತು, ಆಗಲೂ ಬಾಯಿ ಬಿಡಲಿಲ್ಲ. ಅಕ್ಕನ ಬಗ್ಗೆ ಬರೆಯಲು ಕೂತಾಗಲೆಲ್ಲ ಇದೇ ಮೊದಲು ಬಂದು ನಿಲ್ಲುತ್ತದೆ. ಹಾಗಾಗಿ ಇದನ್ನೇ ಮೊದಲು ಬರೆದಿದ್ದೇನೆ.

ಅವಳ ಬಲಗೈಯ ಎರಡು ಬೆರಳು ಯಾವಾಗಲೂ ನೀಲಿ. ನಕಾಶೆಗೆ ಸಮುದ್ರ ಬಳಿದು ಬಳಿದು ಉಗುರಿನ ಸಂದಿಯಲ್ಲಿ ಶಾಯಿ ಕೂತುಬಿಟ್ಟಿತ್ತು. ರೊಟ್ಟಿ ಬಡಿಯಲು ಕೂತರೆ ಅವ್ವ ಬೈಯುತ್ತಿದ್ದಳು: "ಏ, ಹಿಟ್ಟಿಗಿ ಸಮುದ್ರ ಹತ್ತಸಬ್ಯಾಡ." ಆ ಎರಡು ಬೆರಳು ಯಾರು ಸಿಕ್ಕರೂ ಅವರ ಕುತ್ತಿಗೆಯ ಹಿಂದಕ್ಕೆ ಹೋಗುತ್ತಿದ್ದವು. ಕಾಲರ್ ಮಗುಚಿ ಒಳಗಿನ ಲೇಬಲ್ ಓದುವುದು ಅವಳ ಚಟ. ಬಸ್ಸಿನಲ್ಲಿ ಮುಂದಿನ ಸೀಟಿನ ಗುರುತಿಲ್ಲದ ಹೆಂಗಸಿಗೂ, "ತಡೀರಿ, ನಿಮ್ಮ ಸ್ವೆಟರ್ ಯಾವೂರಿಂದದ ನೋಡತೀನಿ" ಅನ್ನುತ್ತಿದ್ದಳು. ನನ್ನ ಕಾಲರಿನಲ್ಲಿ ಏನೂ ಸಿಗುತ್ತಿರಲಿಲ್ಲ. ನನ್ನ ಅಂಗಿ ನಾನೇ ಹೊಲಿದುಕೊಂಡದ್ದು.

"ನಿನಗ ದೇಶನ ಇಲ್ಲ ನೋಡೋ ತಮ್ಮಾ," ಎಂದು ನಗುತ್ತಿದ್ದಳು.

ನಮ್ಮ ಮನೆ ಬಸವಕಲ್ಯಾಣದಲ್ಲಿ. ನಾನು ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟೆ. ಬಡತನದ ಕಾರಣಕ್ಕಲ್ಲ, ಒಂದು ಕಡೆ ಕೂತು ಪುಸ್ತಕ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಮನೆಯವರೆಲ್ಲ ಬೈದರು. ಅಕ್ಕ ಬೈಯಲಿಲ್ಲ. ಕೈ ಹಿಡಿದು ಪೇಟೆಯ ಟೇಲರ್ ಹತ್ತಿರ ಕರೆದುಕೊಂಡು ಹೋಗಿ ಕೂಡಿಸಿದಳು. ಬರುವಾಗ ಹೇಳಿದ್ದು ಒಂದೇ ಮಾತು: "ಓದೋದು ಬಿಟ್ಟಿ, ಬಿಡು. ನೋಡೋದು ಬಿಡಬ್ಯಾಡ."

ಅವಳು ಓದಿ ಹೈಸ್ಕೂಲಿನ ಭೂಗೋಳದ ಟೀಚರ್ ಆದಳು. ಕೆಲಸ ಹುಮನಾಬಾದಿನಲ್ಲಿ, ಗಂಡನ ಮನೆಯೂ ಅಲ್ಲೇ. ನಾನು ಬಸವಕಲ್ಯಾಣದಲ್ಲಿ ಸ್ವಂತ ಮಷೀನು ಹಾಕಿಕೊಂಡು, ಹುಮನಾಬಾದಿನ ಒಬ್ಬ ಸೇಠನಿಗೆ ಮಕ್ಕಳ ರೆಡಿಮೇಡ್ ಅಂಗಿ ಹೊಲಿದು ಕೊಡುತ್ತಿದ್ದೆ. ವಾರಕ್ಕೊಮ್ಮೆ ಗಂಟು ಕಟ್ಟಿಕೊಂಡು ಬಸ್ಸು ಹತ್ತುವುದು. ಸೇಠ ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಹೋಗುತ್ತಿದ್ದ. ಹಾಗಾಗಿ ಮೊದಲು ಅಕ್ಕನ ಮನೆ, ಊಟ, ಆಮೇಲೆ ಅಂಗಡಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಕಡೆಯ ಎಷ್ಟೋ ಮನೆಗಳ ಗಂಡಸರು ದುಬೈ, ಜೆಡ್ಡಾ ಎಂದು ದುಡಿಯಲು ಹೋಗಿದ್ದರು. ಅವರು ರಜೆಗೆ ಬಂದಾಗ ತರುವ ಸಾಮಾನು ನೋಡಿ ಉಳಿದವರಿಗೂ ಫಾರಿನ್ ಮಾಲಿನ ಹುಚ್ಚು. ಸೇಠ ಅದನ್ನು ಗಮನಿಸಿದ. ಒಮ್ಮೆ ಹೈದರಾಬಾದಿನಿಂದ ರಿಬ್ಬನ್ನಿನಂಥ ಸುರುಳಿಗಳನ್ನು ತಂದು ನನ್ನ ಮುಂದೆ ಇಟ್ಟ. ಒಂದರ ಮೇಲೆ ಸಾಲಾಗಿ ಮೇಡ್ ಇನ್ ಜಪಾನ್ ಎಂದು ನೇಯ್ದಿತ್ತು. ಇನ್ನೊಂದರ ಮೇಲೆ ಕೊರಿಯಾ, ಮತ್ತೊಂದರ ಮೇಲೆ ಯುಎಸ್‌ಎ.

"ಮಂದಿಗಿ ಖುಷಿ ಆಗತದ, ನಮಗ ಧಂದಾ ಆಗತದ," ಎಂದ. "ಯಾರ ತಾಟಿನಾಗಿಂದರೆ ಕಸಗೊಂಡೀವೇನು?"

ನಾನು ಹಚ್ಚಿದೆ. ತುಂಡು ಕತ್ತರಿಸಿ, ಅಂಚು ಮಡಚಿ, ಕಾಲರಿನ ನಡುವೆ ಇಟ್ಟು ಎರಡು ಹೊಲಿಗೆ. ಗುಂಡಿ ಹಚ್ಚುವ ಹಾಗೆ ಅದೂ ಒಂದು ಕೆಲಸ ಎನ್ನಿಸಿತೇ ಹೊರತು ತಪ್ಪು ಎಂದು ಅನ್ನಿಸಲಿಲ್ಲ. ಅಕ್ಕನಿಗೆ ಮಾತ್ರ ಹೇಳಲಿಲ್ಲ. ಅವಳು ನನ್ನ ಗಂಟನ್ನು ಎಂದೂ ಬಿಚ್ಚಿದವಳಲ್ಲ. ಕಟ್ಟಿದ ಮಾಲು, ಮುಟ್ಟಬಾರದು ಅನ್ನುತ್ತಿದ್ದಳು.

ಆ ವರ್ಷವೇ ಅಕ್ಕ ಯಾವುದೋ ತರಬೇತಿಗೆ ಹೋಗಿ ಒಂದು ಹೊಸ ಶಬ್ದ ತಂದಳು: ಜಾಗತೀಕರಣ. ಪಾಠದ ಪುಸ್ತಕದಲ್ಲಿ ಅದರ ಬಗ್ಗೆ ಹೆಚ್ಚೇನೂ ಇರಲಿಲ್ಲವಂತೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೇಗೆ ತಿಳಿಸುವುದು ಎಂದು ವಾರವಿಡೀ ತಲೆ ಕೆಡಿಸಿಕೊಂಡಳು. ನನ್ನ ಮೇಲೆಯೇ ಮೊದಲು ಪ್ರಯೋಗ ಮಾಡಿದಳು.

"ಮದ್ಲ ನಾವು ಸಂತಿಗಿ ಹೋಗತಿದ್ವಿ, ಹೌದಿಲ್ಲೋ? ಈಗ ಸಂತೀನ ಎದ್ದು ನಮ್ಮ ಮನಿಗಿ ಬರಾಕತ್ತದ. ಅದೂ ಸಮುದ್ರ ದಾಟಿ. ತಿಳೀತು?"

"ತಿಳೀತು."

"ನಿನಗ ತಿಳದ್ರ ಎಲ್ಲರಿಗೂ ತಿಳೀತದ ಬಿಡು," ಎಂದು ನಕ್ಕಳು.

ಆಮೇಲೆ ಒಂದು ಹಳೆಯ ಬಿಳಿ ಚಾದರ ಕೊಟ್ಟು, ಅಂಚು ಹೊಲಿದು ಕೊಡು ಎಂದಳು. ಅದರ ತುಂಬ ಜಗತ್ತಿನ ನಕಾಶೆ ಬರೆದಳು. ಹುಮನಾಬಾದ್ ಇರುವ ಜಾಗದಲ್ಲಿ ನನ್ನ ಕೈಯಿಂದ ಒಂದು ಅಂಗಿಯ ಗುಂಡಿ ಹಚ್ಚಿಸಿದಳು. ನನ್ನಲ್ಲಿ ಉಳಿದ ಬಣ್ಣದ ದಾರದ ರೀಲುಗಳನ್ನೂ ಒಯ್ದಳು. ಮಕ್ಕಳು ಮನೆಗೆ ಹೋಗಿ ಬಟ್ಟೆ, ಪೆನ್ನು, ಗಡಿಯಾರ, ರೇಡಿಯೋ ಎಲ್ಲ ತಿರುಗಿಸಿ ನೋಡಬೇಕು. ಯಾವ ದೇಶದ ಹೆಸರು ಸಿಗುತ್ತದೋ ಆ ದೇಶದಿಂದ ಗುಂಡಿಗೆ ಒಂದು ದಾರ ಕಟ್ಟಬೇಕು. ಇದು ಪಾಠ.

ಮುಂದಿನ ವಾರ ನಾನು ಊಟಕ್ಕೆ ಹೋದಾಗ ಚಾದರವನ್ನು ಪಡಸಾಲೆಯ ಗೋಡೆಗೆ ತೂಗುಹಾಕಿದ್ದಳು. ಜಪಾನಿನಿಂದ ದಾರದ ಗೊಂಚಲೇ ಬಂದಿತ್ತು. ಕೊರಿಯಾದಿಂದಲೂ ಹಾಗೆಯೇ.

"ನೋಡೋ ತಮ್ಮಾ, ಅರ್ಧ ಕ್ಲಾಸಿನ ಅಂಗಿ ಹೊರಗಿಂದು! ನನಗೂ ಇಷ್ಟು ಗೊತ್ತಿರಲಿಲ್ಲ," ಎಂದಳು. ಅವಳ ಮುಖದಲ್ಲಿ ಅಷ್ಟು ಸಂತೋಷ ನಾನು ಅವಳ ಮದುವೆಯ ದಿನವೂ ಕಂಡಿರಲಿಲ್ಲ.

ಗಡಿಯಾರ, ರೇಡಿಯೋದ ದಾರಗಳು ನಿಜವಾದವೇ ಇದ್ದಿರಬೇಕು. ಆದರೆ ಅಂಗಿಯ ದಾರಗಳ ಇನ್ನೊಂದು ತುದಿ ಜಪಾನಿನಲ್ಲಿರಲಿಲ್ಲ, ಬಸವಕಲ್ಯಾಣದಲ್ಲಿ ನನ್ನ ಮಷೀನಿನ ಸೂಜಿಯಲ್ಲಿತ್ತು. ಅಂಥದೇ ಅಂಗಿಗಳ ಗಂಟು ಆ ಹೊತ್ತಿಗೂ ಅವಳ ಬಾಗಿಲ ಬಳಿ ಇತ್ತು.

ಊಟಕ್ಕೆ ಕೂತಾಗ ಅವಳು ಒಂದು ವಿಷಯ ಹೇಳಿದಳು. ತರಗತಿಯಲ್ಲಿ ಒಬ್ಬ ಹುಡುಗಿ, ಜೆಡ್ಡಾದಲ್ಲಿ ದುಡಿಯುವವನ ಮಗಳು. ತನ್ನ ತಮ್ಮನಿಗಾಗಿ ತಂದೆ ತಂದ ಟೀ ಶರ್ಟನ್ನು ಶಾಲೆಗೆ ತಂದಿದ್ದಳಂತೆ. ಎದ್ದು ನಿಂತು, "ಅಬ್ಬಾ ಜೆಡ್ಡಾದಿಂದ ತಂದಾರ್ರಿ ಟೀಚರ್," ಎಂದಳಂತೆ. ಪಕ್ಕದವಳು ಕಾಲರ್ ಮಗುಚಿ ಓದಿದರೆ ಮೇಡ್ ಇನ್ ಇಂಡಿಯಾ. ಇಡೀ ತರಗತಿ ನಕ್ಕಿತು. ಹಿಂದಿನ ಬೆಂಚಿನ ಹುಡುಗ, "ನಿಮ್ಮ ಅಬ್ಬಾನ ಜೆಡ್ಡಾ ಚಾರ್ಮಿನಾರದ ಹಿಂದ ಅದ ಏನ?" ಎಂದನಂತೆ. ಹುಡುಗಿ ಅಳುತ್ತ, ಖರೇನ ಜೆಡ್ಡಾದ್ದು, ಖರೇನ ಜೆಡ್ಡಾದ್ದು ಎಂದಳಂತೆ.

ಅಕ್ಕ ಕೈ ತೊಳೆದು, ಹುಡುಗಿಯಿಂದ ಕೇಳಿ ಇಟ್ಟುಕೊಂಡಿದ್ದ ಆ ಟೀ ಶರ್ಟ್ ತಂದು ನನ್ನ ತೊಡೆಯ ಮೇಲೆ ಹಾಕಿದಳು. "ನೀ ಬಟ್ಟಿ ಕೆಲಸದಾಂವ. ನೋಡಿ ಹೇಳು. ಆ ಹುಡುಗಿ ಹೇಳೋದು ಖರೆ ಇರಬಹುದೇನು?"

ನಾನು ಕೆಳಗಿನ ಅಂಚು ತಿರುಗಿಸಿದೆ. ಎರಡು ಸೂಜಿಯ ಹೊಲಿಗೆ, ಒಳಗೆ ಬಲೆಯ ಹಾಗೆ ಹೆಣೆದ ದಾರ. ಹೆಗಲಿನ ಒಳಗೆ ಪಟ್ಟಿ ಕೂಡಿಸಿತ್ತು. ಅಂಥ ಮಷೀನು ನಮ್ಮ ಕಡೆ ಯಾರ ಹತ್ತಿರವೂ ಇರಲಿಲ್ಲ. ಅಂಥದೇ ಒಂದು ಅಂಗಿಯನ್ನು ಸೇಠ ಹಿಂದೆ ತೋರಿಸಿ, ಇದು ನಮ್ಮ ದೇಶದ ದೊಡ್ಡ ಕಾರ್ಖಾನೆಗಳಲ್ಲಿ ಹೊಲಿದು ಹೊರಗೆ ಕಳಿಸುವ ಮಾಲು, ಇಲ್ಲಿಯ ಪೇಟೆಗೆ ಬರುವುದಿಲ್ಲ ಎಂದಿದ್ದ. ಹುಡುಗಿ ಹೇಳಿದ್ದು ನಿಜ. ತಂದೆ ಜೆಡ್ಡಾದಲ್ಲಿ ಕೊಂಡದ್ದೂ ನಿಜ, ಲೇಬಲ್ಲೂ ನಿಜ. ಆದರೆ ಇದು ನಿಜ ಎಂದರೆ, ಇನ್ನೊಂದನ್ನೂ ನೋಡು ಎಂದು ಅಕ್ಕ ಜಪಾನಿನ ಅಂಗಿ ತಂದು ಮುಂದೆ ಇಡುತ್ತಾಳೆ. ಅದರ ಮೇಲೆ ನನ್ನ ಹೊಲಿಗೆ ಇರುತ್ತದೆ.

"ಹೈದರಾಬಾದ್ ಮಾಲು ಅಕ್ಕಾ," ಎಂದೆ.

"ಹೌದೇನು?"

"ಹೂಂ. ಅಲ್ಲಿ ಫುಟಪಾತಿನಾಗ ಸಿಗತಾವ."

ಅವಳು ಅಂಗಿಯನ್ನು ನೀಟಾಗಿ ಮಡಚಿದಳು. "ಪಾಪ. ಸುಳ್ಳ ಯಾಕ ಹೇಳಬೇಕಿತ್ತು ಆ ಹುಡುಗಿ," ಎಂದಳು. ನಾನು ಗಂಟು ಹೊತ್ತುಕೊಂಡು ಸೇಠನ ಅಂಗಡಿಗೆ ಹೋದೆ.

ಆಮೇಲೆ ಅಕ್ಕ ಪ್ರತಿ ವರ್ಷ ಆ ಚಾದರ ಬಿಚ್ಚಿ ಅದೇ ಪಾಠ ಮಾಡಿದಳು. ಮಕ್ಕಳು ಅವಳ ಹಿಂದೆ ಬೀಳುತ್ತಿದ್ದರು, ಸಂತೆಯಲ್ಲಿ ಸಿಕ್ಕರೂ, "ಟೀಚರ್, ನಮ್ಮ ಮನ್ಯಾಗ ಇನ್ನೊಂದು ದೇಶ ಸಿಕ್ಕಿತ್ರಿ!" ಎಂದು ಕೂಗುತ್ತಿದ್ದರು. ಆ ಹುಡುಗಿಯ ಬಗ್ಗೆ ಮಾತ್ರ ಆಗಾಗ ಅನ್ನುತ್ತಿದ್ದಳು: "ಹುಷಾರ್ ಇದ್ದಳು. ಯಾಕೋ ಮಾತ ಬಿಟ್ಟುಬಿಟ್ಟಳು. ಆ ಮ್ಯಾಲ ಒಮ್ಮಿನೂ ಕೈ ಎತ್ತಲಿಲ್ಲ." ನಾನು ರೊಟ್ಟಿ ಮುರಿಯುತ್ತ ಕೂತಿರುತ್ತಿದ್ದೆ.

ಹೊಸ ಶತಮಾನ ಬಂದು ಕೆಲವು ವರ್ಷಗಳಲ್ಲಿ ನನ್ನ ಆ ಕೆಲಸವೂ ಹೋಯಿತು. ಹೆದ್ದಾರಿಯ ಲಾರಿಗಳಲ್ಲಿ ಎಲ್ಲೆಲ್ಲಿಯದೋ ರೆಡಿಮೇಡ್ ಬಂದು ಬಿತ್ತು. ನಾನು ಒಂದು ಅಂಗಿಗೆ ಕೇಳುವ ಕೂಲಿಯಲ್ಲಿ ಹೊಲಿದ ಅಂಗಿಯೇ ಸಿಗುತ್ತದೆ ಎಂದು ಸೇಠ ಕೈ ತೊಳೆದುಕೊಂಡ. ನಾನು ಶಾಲೆಯ ಯೂನಿಫಾರ್ಮ್ ಹೊಲಿಯಲು ಹತ್ತಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಕೊನೆಗೆ ಬಾಯಿ ಬಿಟ್ಟಾಗ ನನಗೆ ಕಳೆದುಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ.

ಬಾಯಿ ಬಿಡಿಸಿದ್ದು ಒಂದು ತರಬೇತಿ. ಬಸವಕಲ್ಯಾಣದಲ್ಲಿ ಭೂಗೋಳದ ಮಾಸ್ತರರನ್ನೆಲ್ಲ ಸೇರಿಸಿ, ಅಕ್ಕನ ಪಾಠವನ್ನು ಅವಳಿಂದಲೇ ಮಾಡಿಸಿ ತೋರಿಸುವುದಿತ್ತು. ಹಿಂದಿನ ದಿನವೇ ಚಾದರ ಹಿಡಿದು ನಮ್ಮ ಮನೆಗೆ ಬಂದಿದ್ದಳು. ಬೆಳಿಗ್ಗೆ ಚಹಾ ಕುಡಿಯುತ್ತ, "ಎಲ್ಲಾ ಕಡಿಂದ ಮಾಸ್ತರಗೋಳು ಬರಾಕತ್ತಾರೋ ನನ್ನ ಚಾದರ ನೋಡಾಕ," ಎಂದಳು. ಮಕ್ಕಳ ಮುಂದೆ ಅಕ್ಕ ತಪ್ಪು ಹೇಳುತ್ತಿದ್ದುದನ್ನು ನಾನು ಅಷ್ಟು ವರ್ಷ ಸಹಿಸಿದ್ದೆ. ಓದಿದವರ ಮುಂದೆ ತಪ್ಪು ಹೇಳುತ್ತಾಳೆ ಎಂದಾಗ ಸಹಿಸಲಾಗಲಿಲ್ಲ. ಅಲ್ಲೇ, ನಿಂತಲ್ಲೇ, ಎಲ್ಲ ಹೇಳಿಬಿಟ್ಟೆ.

ಜಪಾನಿನ ದಾರಗಳ ಬಗ್ಗೆ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಬಸಿ ಕೆಳಗಿಟ್ಟು ಕೇಳಿದ್ದು ಬೇರೆ.

"ಆ ಹುಡುಗಿ ಟೀ ಶರ್ಟ?"

"ಖರೇದಿತ್ತು ಅಕ್ಕಾ."

"ಅವತ್ತೇ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು."

ಮಡಚಿಟ್ಟ ಚಾದರದ ಮೇಲೆ ಕೈ ಇಟ್ಟಳು. "ಅದರ ಮರುದಿನ ನಾ ಆಕಿಗಿ ಹೊರಗ ಕರದು, ಸುಳ್ಳ ಹೇಳಬಾರದವ್ವಾ ಅಂತ ಹೇಳೀನಿ. ಪ್ರೀತಿಲೆ ಹೇಳೀನೋ. ಬೈದಿದ್ದರ ಚಲೋ ಇತ್ತು."

ಚಾದರ ಎತ್ತಿಕೊಂಡು ಹೋದಳು. ಸಂಜೆ ಬಂದಾಗ, ಏನು ಹೇಳಿದಿ ಎಂದು ಹೆದರುತ್ತಲೇ ಕೇಳಿದೆ.

"ಆದದ್ದು ಹೇಳಿದೆ. ಈ ಜಪಾನಿನ ದಾರದ ಅಂಗಿ ನನ್ನ ತಮ್ಮ ಹೊಲದದ್ದು ಅಂದೆ. ನಮ್ಮ ದೇಶದಾಗ ಹೊಲದ ಆ ಹುಡುಗಿ ಅಂಗಿ ಸಮುದ್ರ ದಾಟಿ ಹೋಗಿ, ನಮ್ಮ ಊರಾಂವನ ಕೈಲೆ ತಿರುಗಿ ಹುಮನಾಬಾದಿಗಿ ಬಂದಿತ್ತು. ಜಾಗತೀಕರಣ ಖುದ್ದು ನನ್ನ ಕ್ಲಾಸಿನಾಗ ಬಂದು ನಿಂತಿತ್ತು. ನಾ ಅದಕ್ಕ ಸುಳ್ಳ ಅಂದು ಕೂಡಿಸಿದೆ, ಅಂತ ಹೇಳಿದೆ."

"ನಕ್ಕರೇನು?"

"ಕೆಲವರು ನಕ್ಕರು. ನಗಲಿ."

ಅಕ್ಕ ಈಗ ಇಲ್ಲ. ಅದಾಗಿ ಬಹಳ ವರ್ಷ ಬಾಳಲಿಲ್ಲ. ಎದೆನೋವು ಬಂದು ಕಲಬುರಗಿಗೆ ಒಯ್ಯುವ ದಾರಿಯಲ್ಲೇ ಮುಗಿಯಿತು. ಅವಳು ನನಗೆ ಕಲಿಸಿದ ದೇಶಗಳ ಹೆಸರು ಅರ್ಧ ಮರೆತುಹೋಗಿವೆ. ತರಬೇತಿಯ ನಂತರದ ಭಾನುವಾರ ಮಾತ್ರ ಮರೆತಿಲ್ಲ. ಅವತ್ತು ಹುಮನಾಬಾದಿಗೆ ಕರೆಸಿಕೊಂಡು, ಬಾಗಿಲಲ್ಲೇ, "ಚಪ್ಪಲಿ ಬಿಡಬ್ಯಾಡ, ನಡಿ," ಎಂದಳು. ಆ ಹುಡುಗಿ ಮದುವೆಯಾಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ ಎಂಬುದನ್ನು ತಿಳಿದುಕೊಂಡಿದ್ದಳು.

ಅವರ ಮನೆಯಲ್ಲಿ ತಂದೆಯೂ ಇದ್ದರು, ಜೆಡ್ಡಾ ಬಿಟ್ಟು ಕಾಯಂ ಊರಿಗೆ ಬಂದವರು. ಟೀಚರ್ ಬಂದರೆಂದು ಮಂಚದಿಂದ ಎದ್ದು ನಿಂತರು. ಅಕ್ಕ ಕೂಡಲಿಲ್ಲ. ತುಂಬಿದ ಬಸುರಿಯ ಮುಂದೆ ನಿಂತು, "ಅವತ್ತ ನಿನಗ ಸುಳ್ಳ ಹೇಳಬ್ಯಾಡ ಅಂದಿದ್ದೆ. ನೀ ಸುಳ್ಳ ಹೇಳಿದ್ದಿಲ್ಲ. ನಾನ ತಪ್ಪಿದ್ದೆ," ಎಂದಳು.

ಹುಡುಗಿ ನಕ್ಕಳು. "ಅಯ್ಯ ಟೀಚರ್, ಯಾವ ಕಾಲದ ಮಾತ್ರೀ! ನಾ ಮರ್ತೇ ಬಿಟ್ಟೀನಿ. ಕೂಡ್ರಿ, ಚಹಾ ಮಾಡತೀನಿ." ಒಳಗೆ ಹೋಗಲು ತಿರುಗಿದವಳು ಹೊಸ್ತಿಲಲ್ಲಿ ನಿಂತಳು. "ಆದ್ರ ಅಬ್ಬಾ ಮರ್ತಿಲ್ಲರಿ. ಆ ಮ್ಯಾಲ ಅಲ್ಲಿಂದ ಏನ ತಂದರೂ ಬ್ಲೇಡ ತಗೊಂಡು ಲೇಬಲ್ ಕತ್ತರಿಸಿನ ತರತಿದ್ದರು. ನನ್ನ ಮದುವಿ ಬಟ್ಟೀದೂ."

ತಂದೆ ಗೋಡೆಯ ಕಡೆ ನೋಡಿದರು. "ಮತ್ತ ಯಾರೂ ನಗಬಾರದಂತ್ರೀ," ಎಂದರು.

ಅಷ್ಟು ಹೊತ್ತೂ ನಾನು ಬಾಗಿಲಲ್ಲೇ ಇದ್ದೆ. ಅಕ್ಕ ನನ್ನ ಕಡೆ ನೋಡಿದಳು. ನಾನು ಒಳಗೆ ಬಂದೆ.

"ಚಾಚಾ, ಟೀಚರ್ ಅವತ್ತ ಆ ಅಂಗಿ ನನಗ ತೋರಿಸಿ ಕೇಳಿದ್ದರು. ಖರೇದು ಅಂತ ನನಗ ಗೊತ್ತಿತ್ತು. ಉಳಿದ ಹುಡುಗರ ಅಂಗೀಗಿ ಸುಳ್ಳ ಲೇಬಲ್ ಹಚ್ಚಿದಾಂವ ನಾನ. ನಂದು ಹೊರಗ ಬೀಳತದಂತ ಅಂಜಿ, ನಿಮ್ಮದಕ್ಕ ಹೈದರಾಬಾದಿಂದು ಅಂದೆ. ತಪ್ಪಾತು ಚಾಚಾ. ತಂಗೀ, ನಂದು ತಪ್ಪಾತು. ಮಾಫ್ ಮಾಡ್ರಿ."