ಹಿತ್ತಾಳೆ ಚೊಂಬು ಮತ್ತು ನನ್ನ ಮುಂದಿನ ಹಲ್ಲು

ನನ್ನ ಮೇಲಿನ ಸಾಲಿನ ಮುಂದಿನ ಹಲ್ಲೊಂದರ ಮೂಲೆ ಮುರಿದಿದೆ. ನೋಡಿದವರು ಸ್ಕೂಟರಿನಿಂದ ಬಿದ್ದಿರಾ ಎಂದು ಕೇಳುತ್ತಾರೆ. ಹೌದು ಎಂದುಬಿಡುತ್ತೇನೆ. ಮೂರೂವರೆ ವರ್ಷದ ಹುಡುಗಿ ಹಿತ್ತಾಳೆ ಚೊಂಬಿನಲ್ಲಿ ಹೊಡೆದು ಮುರಿದಳು ಎನ್ನುವುದಕ್ಕಿಂತ ಸ್ಕೂಟರೇ ಮರ್ಯಾದೆ.

ಆ ಹುಡುಗಿ ನನ್ನ ಮಗಳು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಹಿಂದೂಪುರದ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಅವಳನ್ನು ಚಾಪೆಯ ಮೇಲೆ ಒತ್ತಿ ಹಿಡಿದಿದ್ದೆವು. ಕೈಗಳು ಹೆಂಡತಿಯ ಪಾಲಿಗೆ, ಕಾಲುಗಳು ನನ್ನ ಪಾಲಿಗೆ. ನನ್ನ ತಾಯಿ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದುತ್ತಿದ್ದರು. ಕೂಸುಗಳಿಗೆ ಹೊಟ್ಟೆ ಕಟ್ಟಿದರೆ ಹಿಂದಿನಿಂದ ಆ ತೊಟ್ಟು ಸೋಕಿಸುವುದು ನಮ್ಮ ಕಡೆಯ ಪದ್ಧತಿ. ಎಳೆಗೂಸಾದರೆ ಒಂದಿಷ್ಟು ಅತ್ತು ಸುಮ್ಮನಾಗುತ್ತದೆ. ಮೂರೂವರೆ ವರ್ಷದ ಮಗುವಿಗೆ ಏನು ಬರುತ್ತಿದೆ ಎಂಬುದು ಮೊದಲೇ ಗೊತ್ತಿರುತ್ತದೆ.

"ವದ್ದು! ವದ್ದು! ಬ್ಯಾಡಾ!" ಮಗಳು ತೆಲುಗಿನಲ್ಲೂ ಕನ್ನಡದಲ್ಲೂ ಬೇಡವೆಂದು ಕಿರುಚಿದಳು.

"ಗಟ್ಟಿಯಾಗ್ ಹಿಡ್ಕಳ್ಲಾ! ಗೂಡಿನ್ ಚೀಲ ಹಿಡ್ದಂಗೆ ಹಿಡೀತೀಯಲ್ಲೋ!" ತಾಯಿ ನನ್ನನ್ನು ಗದರಿದರು. ನಾನು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತ. ಅವರ ಬೈಗುಳವೆಲ್ಲ ಅಲ್ಲಿಂದಲೇ ಬರುತ್ತಿತ್ತು.

ಗಟ್ಟಿಯಾಗಿ ಹಿಡಿದರೆ ಮೂಳೆ ಮುರಿದೀತು ಎಂಬ ಚಿಂತೆ ನನಗೆ. ಸಡಿಲ ಹಿಡಿದೆ. ಅವಳು ಒಂದು ಕಾಲಿನಿಂದ ನನ್ನ ಎದೆಗೆ ಒದ್ದಳು, ಅಮ್ಮನ ಮಣಿಕಟ್ಟು ಕಚ್ಚಿ ಕೈ ಬಿಡಿಸಿಕೊಂಡಳು, ಪಕ್ಕದಲ್ಲಿದ್ದ ಚೊಂಬು ಎತ್ತಿ ಬೀಸಿದಳು. ನನ್ನ ಬಾಯಿಂದ ಸುರಿದ ರಕ್ತ ಚಾಪೆಯ ಮೇಲೆ ಬಿತ್ತು. ಅದನ್ನು ಕಂಡು ಮಗಳು ತನ್ನ ಅಳು ನಿಲ್ಲಿಸಿದಳು. ನಾನು ನನ್ನದು ಶುರುಮಾಡಿದೆ.

ಇಷ್ಟಕ್ಕೆ ಬಂದದ್ದು ಹೇಗೆಂದರೆ, ಮಗಳು ಹುಟ್ಟಿದ್ದು, ಬೆಳೆದದ್ದು ಕಲ್ಯಾಣದುರ್ಗದಲ್ಲಿ, ನನ್ನ ಅತ್ತೆಯ ಮನೆಯಲ್ಲಿ. ಹೆಂಡತಿ ಟೀಚರ್ ಟ್ರೈನಿಂಗ್ ಮುಗಿಸಲಿ ಎಂದು ಕೂಸನ್ನು ಅಲ್ಲೇ ಬಿಟ್ಟಿದ್ದೆವು. ಸ್ಕೂಲಿಗೆ ಸೇರಿಸುವ ಹೊತ್ತಿಗೆ ಕರೆತಂದೆವು. "ಎಲ್ಲಾ ಕಲ್ತದೆ, ಚಡ್ಡೀಲಿ ಮಾಡ್ಕಳಾಕಿಲ್ಲ, ನಿಮ್ಗೇನೂ ಕಷ್ಟ ಇಲ್ಲ" ಎಂದು ಅತ್ತೆ ಕಳಿಸಿಕೊಟ್ಟಿದ್ದರು. ಏನು ಕಲಿತಿದೆ, ಹೇಗೆ ಕಲಿತಿದೆ ಎಂದು ಯಾರೂ ಕೇಳಲಿಲ್ಲ. ದಿನಕ್ಕೆ ನೂರು ಚಿಂತೆ ಮಾಡುವ ನಾನು ಆ ಒಂದನ್ನು ಮಾಡಿರಲಿಲ್ಲ.

ನಮ್ಮ ಮನೆಯ ಕಕ್ಕಸು ಹಿತ್ತಿಲ ಮೂಲೆಯಲ್ಲಿತ್ತು. ಕಿಟಕಿಯಿಲ್ಲ, ತಗಡಿನ ಬಾಗಿಲು, ದೊಡ್ಡವರ ಅಳತೆಯ ಬೇಸಿನ್. ಮಗಳು ಅದರ ಅಂಚಿನಲ್ಲಿ ನಿಂತು ತೂತನ್ನು ನೋಡಿದಳು, ನನ್ನನ್ನು ನೋಡಿದಳು, ಹೊರಗೆ ಓಡಿದಳು. ಆಮೇಲೆ ತಡೆದುಕೊಳ್ಳತೊಡಗಿದಳು. ತಡೆದಷ್ಟೂ ಗಟ್ಟಿಯಾಯಿತು. ಒಮ್ಮೆ ತಡೆಯಲಾಗದೆ ಬಂದಾಗ ರಕ್ತವೂ ಬಂತು. ಅಲ್ಲಿಗೆ ಅವಳ ನಿರ್ಧಾರ ಪಕ್ಕಾ ಆಯಿತು: ಇನ್ನು ಮುಂದೆ ಹೋಗುವುದೇ ಇಲ್ಲ.

ಬೀರುವಿನ ಹಿಂದೆ ಹೋಗಿ, ಕಾಲಿಗೆ ಕಾಲು ಹೆಣೆದು, ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮುಖ ಕೆಂಪಗೆ, ಮೈಯೆಲ್ಲ ನಡುಕ. ಪಾಪ, ಪ್ರಯತ್ನ ಪಡುತ್ತಿದ್ದಾಳೆ ಎಂದುಕೊಂಡು ನಾವು ಮೂವರೂ ಸುತ್ತ ನಿಂತು, "ಮುಕ್ಕು ಕಣಮ್ಮ, ತಿಣುಕು, ಬತ್ತದೆ!" ಎಂದು ಹುರಿದುಂಬಿಸುತ್ತಿದ್ದೆವು. ಆಟ ನೋಡಲು ಬಂದವರ ಥರ ಚಪ್ಪಾಳೆಯನ್ನೂ ತಟ್ಟಿದ್ದುಂಟು.

ಬರಲಿಲ್ಲ. ಬಾಳೆಹಣ್ಣು, ಒಣದ್ರಾಕ್ಷಿ ನೀರು, ಹರಳೆಣ್ಣೆ, ಸೋಪಿನ ಚೂರು ಎಲ್ಲ ಆದವು. ಹೆಂಡತಿ ಬೆನ್ನಿಗೆ ಬಾರಿಸಿದಳು, ಬಾರಿಸಿ ತಾನೇ ಅತ್ತಳು. ತಾಯಿ ಸೌಟು ಒಲೆಗಿಟ್ಟು, "ಬರೆ ಹಾಕ್ತೀನಿ ನೋಡು" ಎಂದರು. ಸೌಟು ಕಾಯುವ ಮೊದಲೇ ಮಗಳು ಅದನ್ನು ಕಿತ್ತುಕೊಂಡು ಹಿತ್ತಿಲ ಬಾವಿಗೆ ಎಸೆದಳು.

ಚೊಂಬಿನ ಪ್ರಕರಣದ ಮರುದಿನ ತಾಯಿ ಹೊಸ ದಾರಿ ಹುಡುಕಿದರು. ಮಗಳನ್ನು ಎತ್ತಿ ಕಕ್ಕಸಿಗೆ ಹಾಕಿ, "ಆದ್ಮೇಲೆ ತೆಗೀತೀನಿ" ಎಂದು ಹೊರಗಿನಿಂದ ಚಿಲಕ ಜಡಿದರು. ನಾನು ಸೈಕಲ್ ನಿಲ್ಲಿಸುವಾಗ ಬೀದಿಗೆಲ್ಲ ಕೇಳುವಂತೆ ತಗಡು ಬಡಿಯುವ ಸದ್ದು. ಒಳಗೆ ಮಗು ಉಸಿರುಗಟ್ಟಿ ಸತ್ತೇಹೋಯಿತು ಎಂದುಕೊಂಡು ಓಡಿ, ಬಾಗಿಲಿಗೆ ಭುಜ ಕೊಟ್ಟು ಗುದ್ದಿದೆ. ಮತ್ತೆ ಗುದ್ದಿದೆ. ಚೌಕಟ್ಟು ಕಿತ್ತು ಬಾಗಿಲು ಓರೆಯಾಯಿತು, ಭುಜ ಊದಿಕೊಂಡಿತು.

"ಚಿಲಕ ನಿನ್ ಕಡೀಗೇ ಐತಲ್ಲೋ ಮಂಕೇ!" ಎಂದು ತಾಯಿ ಕೂಗಿದ್ದು ಆಮೇಲೆ ಕೇಳಿಸಿತು.

ಅಷ್ಟರಲ್ಲಿ ಹೆಂಡತಿ ಬಂದಳು. ಒಳಗೆ ಮೂಲೆಗೆ ಒತ್ತಿಕೊಂಡಿದ್ದ ಮಗಳನ್ನು ಎತ್ತಿಕೊಂಡು ತನ್ನ ಅತ್ತೆಯ ಮುಂದೆ ನಿಂತಳು. ಮದುವೆಯಾದಾಗಿನಿಂದ ಅವಳು ನನ್ನ ತಾಯಿಯೆದುರು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ.

"ಅತ್ತಮ್ಮ, ಇನ್ನೊಂದ್ ಕಿತ ಈ ಮಗೂನ್ ಮುಟ್ಟುದ್ರೆ ನಾನು ಮನ್ಸಿ ಆಗಿರಾಕಿಲ್ಲ."

"ನಾನ್ ಆರು ಮಕ್ಳು ಸಾಕ್ದೋಳು ಕಣೇ!"

"ಸಾಕಿದ್ ನೋಡ್ತಾ ಇದೀನಲ್ಲ," ಎಂದು ಹೆಂಡತಿ ನನ್ನ ಕಡೆ ಕೈ ತೋರಿಸಿದಳು. ಊದಿದ ಭುಜ, ಮುರಿದ ಹಲ್ಲು. ವಾದಕ್ಕೆ ನಾನೇ ಸಾಕ್ಷಿಯಾಗಿದ್ದೆ.

ಅವತ್ತೇ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಮಗಳ ಹೊಟ್ಟೆಯ ಮೇಲೆ ಬೆರಳಿಟ್ಟು ಒತ್ತಿದಾಗ, ಒಳಗೆ ಕಲ್ಲು ಕಟ್ಟಿದಂತಿದ್ದುದು ನಮಗೂ ಕಾಣಿಸುತ್ತಿತ್ತು. ಬೀರುವಿನ ಹಿಂದಿನ ನಡುಕದ ವಿಷಯ ಹೇಳಿದೆ, ಚಪ್ಪಾಳೆಯನ್ನು ಬಿಟ್ಟು.

"ಅದು ಹೋಗೋ ಪ್ರಯತ್ನ ಅಲ್ಲ ರೀ. ಬರ್ತಿರೋದನ್ನ ತಡೆಯೋ ಪ್ರಯತ್ನ," ಎಂದರು ಆಕೆ. "ನೋವಾಗತ್ತೆ ಅಂತ ಹೆದರಿದಾಳೆ. ನೀವು ತೊಟ್ಟು, ಸೋಪು ಅಂತ ಇನ್ನಷ್ಟು ಹೆದರಿಸಿದೀರಿ. ಎಲ್ಲಾ ನಿಲ್ಲಿಸಿ. ಈ ಸಿರಪ್ ದಿನಾ ಕೊಡಿ, ಮೆತ್ತಗಾಗತ್ತೆ. ಊಟ ಆದ್ಮೇಲೆ ಕೂರಿಸಿ, ಪಾದಕ್ಕೆ ಗಟ್ಟಿ ಆಸರೆ ಇರಲಿ. ಬಂದ್ರೂ ಸರಿ, ಬರದಿದ್ರೂ ಸರಿ, ಬೈಬೇಡಿ."

"ಅಷ್ಟಾದ್ರೂ ಹೋಗ್ದಿದ್ರೆ?"

"ಅನಂತಪುರಕ್ಕೆ ಬರ್ದು ಕೊಡ್ತೀನಿ. ಅಡ್ಮಿಟ್ ಮಾಡಿ, ಮತ್ತಿನ ಇಂಜೆಕ್ಷನ್ ಕೊಟ್ಟು ತೆಗೀಬೇಕಾಗತ್ತೆ."

ಮತ್ತಿನ ಇಂಜೆಕ್ಷನ್ ಎಂಬ ಮಾತು ಹಿಡಿದುಕೊಂಡು ನಾನು ಮಾರುಕಟ್ಟೆಯಲ್ಲಿ ಕೂತೆ. ಹರಾಜಿನ ಕೂಗಿನ ನಡುವೆ ಮಗು ಮತ್ತೆ ಕಣ್ಣು ಬಿಡದಿದ್ದರೆ ಎಂದು ಯೋಚಿಸುತ್ತ, ಒಬ್ಬರ ಗೂಡನ್ನು ಇನ್ನೊಬ್ಬರ ಹೆಸರಿಗೆ ಬರೆದು ರೊದ್ದಂ ಕಡೆಯ ರೈತನೊಬ್ಬನಿಂದ ಕೊರಳಪಟ್ಟಿ ಹಿಡಿಸಿಕೊಂಡೆ.

ಸಿರಪ್ ಕುಡಿಯುತ್ತಿದ್ದಳು. ಆದರೂ ತಡೆಯುತ್ತಿದ್ದಳು. ಒಂದು ಸಂಜೆ ನನ್ನ ತೊಡೆಯೇರಿ ಬೆರಳಿನಿಂದ ನನ್ನ ತುಟಿ ಎತ್ತಿ ಹಲ್ಲು ನೋಡಿದಳು.

"ನೋವಾಯ್ತಾ ಅಪ್ಪ?"

"ಆಯ್ತು. ನಿಂಗೆ?"

ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇಷ್ಟು ದೊಡ್ಡ ನೋವು" ಎಂದಳು.

"ನೋವು ಬಂದಾಗ ನಂಗೆ ಹೊಡಿ. ನಾನ್ ಬೈಯಾಕಿಲ್ಲ."

ಬೇರೇನೂ ತೋಚದೆ ಹೇಳಿದ್ದು. ಅವಳು ಗಂಭೀರವಾಗಿ ತಲೆಯಾಡಿಸಿದಳು.

ಆ ಭಾನುವಾರ ನನ್ನ ಅತ್ತೆ ಫೋನಿನಲ್ಲಿ ಕೂಗಾಡಿ ಕರೆಸಿಕೊಂಡರು. ಹೆಂಡತಿಗೆ ಜ್ವರ. ನಾನು ಮಗಳು ಇಬ್ಬರೇ ಬಸ್ಸಿನಲ್ಲಿ ಹೋದೆವು. ಪ್ರತಿ ಗುಂಡಿಗೂ ಮಗಳು ಹಲ್ಲು ಕಚ್ಚಿದಳು, ನಾನು ಕಣ್ಣು ಮುಚ್ಚಿದೆ. ಕಲ್ಯಾಣದುರ್ಗದಲ್ಲಿ ಇಳಿದು ಮನೆ ಹೊಕ್ಕಾಗ ಅತ್ತೆ ಕೂಸಿನ ಹೊಟ್ಟೆ ಮುಟ್ಟಿ ನೋಡಿ, ನನ್ನ ವಂಶವನ್ನೆಲ್ಲ ತೆಲುಗಿನಲ್ಲಿ ಬೈದು ಮುಗಿಸಿ, ಊಟ ಹಾಕಿದರು. ಊಟವಾದ ಮೇಲೆ ಅವಳನ್ನು ಹಿತ್ತಿಲಿಗೆ ಕರೆದೊಯ್ದು, ಗೋಡೆಗೊರಗಿ ನೆಲದ ಮೇಲೆ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿ, ಪಾದಗಳನ್ನು ಚೂರು ಅಗಲಿಸಿ, "ಬಾ ತಲ್ಲೀ" ಎಂದರು. ಎಳೆಗೂಸುಗಳನ್ನು ನಮ್ಮ ಹೆಂಗಸರು ಕೂರಿಸುವುದೇ ಹಾಗೆ, ಪಾದಗಳೇ ಪೀಠ.

"ಅತ್ತೆ, ಮೂರೂವರೆ ವರ್ಷ ಆಗೋಗಂಟ ಹಿಂಗೇ ಕೂರುಸ್ತಿದ್ರಾ?"

"ಮತ್ತಿನ್ನೆಂಗೆ ಕೂರುಸ್ತಾರೆ ಅಳಿಯಂದ್ರೆ? ತಲೆ ಮ್ಯಾಲಾ?"

ಎಲ್ಲ ಕಲಿತಿದೆ ಎಂದರೆ ಇದು. ಅವರ ಮಟ್ಟಿಗೆ ಅದು ಹೇಳುವಂಥ ವಿಷಯವೇ ಆಗಿರಲಿಲ್ಲ. ನಾವು ಆ ಪಾದಗಳನ್ನು ಕಿತ್ತುಕೊಂಡು ಕತ್ತಲೆ ತೂತೊಂದನ್ನು ಕೊಟ್ಟಿದ್ದೆವು.

ಗುಟ್ಟು ಸಿಕ್ಕಿತು ಎಂದು ಹಿಗ್ಗಿದೆ. ಹಿಗ್ಗು ತುಸು ಹೊತ್ತೂ ಉಳಿಯಲಿಲ್ಲ. ಅಜ್ಜಿಯ ಪಾದದ ಮೇಲೆ ಕೂತ ಮಗಳಿಗೆ ನೋವು ಸುಳಿದದ್ದೇ ತಡ, ನೆಟ್ಟಗೆ ಎದ್ದು, ಅಜ್ಜಿಯ ಮೊಣಕಾಲಿಗೆ ಒದ್ದಳು. ಅತ್ತೆ "ಸಚ್ಚಾನ್ರಾ ದೇವುಡಾ!" ಎಂದು ಸತ್ತೆನೆಂದು ಕೂಗಿ, ಮೊಮ್ಮಗಳ ತೊಡೆಗೆ ಚಟೀರನೆ ಬಿಟ್ಟರು. ಮಗಳು ಅವರ ಜಡೆ ಹಿಡಿದು ಜಗ್ಗಿದಳು. ಇಬ್ಬರನ್ನೂ ಬಿಡಿಸಲು ಹೋಗಿ ನನ್ನ ಅಂಗಿಯ ಜೇಬು ಹರಿಯಿತು.

ಬಿಡಿಸಿದ ಮೇಲೆ ಮಗಳು ಹಿತ್ತಿಲ ನಡುವೆ ಬಾಗಿ ನಿಂತಳು, ಕಾಲಿಗೆ ಕಾಲು ಹೆಣೆದು. ಆ ನಡುಕ. ಈಗಲೂ ಆಗದಿದ್ದರೆ ಅನಂತಪುರವೇ ಎಂದು ನನಗೆ ಗೊತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.

"ಅಪ್ಪಾ, ನೀನ್ ಕೂತ್ಕ."

ಪ್ಯಾಂಟು ಮೊಣಕಾಲಿನ ತನಕ ಮಡಚಿ ಗೋಡೆಗೊರಗಿ ಕೂತೆ.

"ಅಯ್ಯಯ್ಯೋ, ಗಂಡಸ್ರು! ಮನೆಗ್ ಬಂದ ಅಳಿಯ! ನೋಡ್ದೋರು ಏನಂದ್ಕಂತಾರೆ, ಏಳಿ ಮ್ಯಾಕೆ!" ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ನೋಡುವವರು ಆಗಲೇ ಇದ್ದರು. ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯಾಕೆ, "ಏಮಕ್ಕಾ, ನಿಮ್ಮಳಿಯ ಬಾಣಂತನ ಮಾಡಾಕ್ ಬಂದವ್ರಾ?" ಎಂದು ನಕ್ಕಳು.

ಮಗಳು ಬಂದು ನನ್ನ ಪಾದಗಳ ಮೇಲೆ ಕೂತಳು. ನಾನು ಮುಂದಕ್ಕೆ ಬಾಗಿದಾಗ ನನ್ನ ಎರಡೂ ಕಿವಿ ಹಿಡಿದುಕೊಂಡಳು.

"ಹೊಡೀಲಾ?"

"ಹೊಡಿ ಕಣಮ್ಮ."

ಮೊದಲು ಕೆನ್ನೆಗೆ. ಆಮೇಲೆ ಎದೆಗೆ ಎರಡೂ ಮುಷ್ಟಿಯಿಂದ. ಕಿವಿ ತಿರುಚಿದಳು, ಕೂದಲು ಕಿತ್ತಳು, ಹಣೆಯಿಂದ ನನ್ನ ಮೂಗಿಗೆ ಗುದ್ದಿದಳು. ಕಣ್ಣಲ್ಲಿ ನೀರು ತುಂಬಿತು. ಅವಳು ಕಿರುಚುತ್ತಿದ್ದಳು, ಆದರೆ ಏಳಲಿಲ್ಲ. ಅವಳ ಪಾದಗಳು ನನ್ನ ಕಣಕಾಲಿನ ಪಕ್ಕ ನೆಲಕ್ಕೆ ಊರಿದ್ದವು. ನೋವು ಬಂದಾಗ ಬಿಗಿಯುವ ಬದಲು ನನ್ನನ್ನು ಹೊಡೆಯುತ್ತಿದ್ದಳು. ಬಿಗಿಯುವುದಕ್ಕೆ ಅವಳಿಗೆ ಬಿಡುವಿರಲಿಲ್ಲ. ಕೊನೆಗೆ ನನ್ನ ಭುಜಕ್ಕೆ, ಬಾಗಿಲು ಗುದ್ದಿ ಊದಿಸಿಕೊಂಡಿದ್ದ ಅದೇ ಭುಜಕ್ಕೆ, ಹಲ್ಲೂರಿದಳು. ನಾವಿಬ್ಬರೂ ಒಟ್ಟಿಗೆ ಕಿರುಚಿದೆವು.

ಆಮೇಲೆ ಹಲ್ಲು ಸಡಿಲಾಯಿತು. ತಲೆ ನನ್ನ ಎದೆಗೆ ಬಿತ್ತು.

"ಅಯಿಪೋಯಿಂದಿ" ಎಂದಳು ಮೆಲ್ಲಗೆ. ಮುಗಿಯಿತು. ಗೋಡೆಯಾಚೆ ನಗು ನಿಂತಿತ್ತು. ಅತ್ತೆ ಕುಂಟುತ್ತ ಬಿಸಿನೀರು ತಂದರು, ಮೊಮ್ಮಗಳನ್ನು ತೊಳೆದರು, ನನ್ನ ಪಾದಗಳನ್ನು ಮಾತ್ರ ತೊಳೆಯುವುದೋ ಬಿಡುವುದೋ ಎಂದು ತಂಬಿಗೆ ಹಿಡಿದು ನಿಂತೇಬಿಟ್ಟರು.

ಒಂದು ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಹಿಂದೂಪುರಕ್ಕೆ ಬಂದ ಮೇಲೂ ಸಿರಪ್ ತಿಂಗಳುಗಟ್ಟಲೆ ನಡೆಯಿತು. ದಿನವೂ ಊಟವಾದ ಮೇಲೆ ನಾನು ಹಿತ್ತಿಲಲ್ಲಿ ಕಾಲು ಚಾಚಿ ಕೂರುತ್ತಿದ್ದೆ, ದಿನವೂ ಏಟು ತಿನ್ನುತ್ತಿದ್ದೆ. ಮಾರುಕಟ್ಟೆಯಲ್ಲಿ ನನ್ನ ಕೆನ್ನೆಯ ಗೀರು ನೋಡಿ ಜನ ಹೆಂಡತಿಯ ಬಗ್ಗೆ ಏನೇನೋ ಅಂದುಕೊಂಡರು. ಅವಳೂ ತಿದ್ದಲು ಹೋಗಲಿಲ್ಲ. ತಾಯಿ ಮಾತ್ರ ವೀಳ್ಯದೆಲೆ ಹಾಕಿಕೊಳ್ಳುವಾಗಲೆಲ್ಲ ತೊಟ್ಟು ಮುರಿದು ನನ್ನ ಕಡೆ ನೋಡಿ ಎಸೆಯುತ್ತಿದ್ದರು.

ಓರೆಯಾದ ತಗಡಿನ ಬಾಗಿಲನ್ನು ಕಿತ್ತು ಗೋಣಿಯ ಪರದೆ ಕಟ್ಟಿದೆ. ಒಳಗೆ ಬೆಳಕಾಯಿತು. ಬೇಸಿನ್ನಿನ ಎರಡೂ ಬದಿಗೆ ಇಟ್ಟಿಗೆ ಜೋಡಿಸಿ, ನನ್ನ ಪಾದಗಳನ್ನು ಸ್ವಲ್ಪಸ್ವಲ್ಪವಾಗಿ ಅತ್ತ ಸರಿಸಿದೆ. ಏಟುಗಳು ಕಡಿಮೆಯಾದವು. ನಡುನಡುವೆ ಮತ್ತೆ ಹೆಚ್ಚಾದವು. ಕೊನೆಗೆ ಇಟ್ಟಿಗೆಗಳ ಮೇಲೆ ಅವಳೇ ಕೂರತೊಡಗಿದಳು, ನಾನು ಎದುರಿಗೆ. ಒಂದು ದಿನ ಕಣ್ಣು ಮುಚ್ಚಿ ಕಾದೆ, ಏಟು ಬೀಳಲೇ ಇಲ್ಲ.

"ಅಪ್ಪಾ, ನೀನ್ ಆಚೆ ಹೋಗು."

"ಯಾಕಮ್ಮ?"

"ಹೋಗು ಅಂದ್ರೆ ಹೋಗು."

ಪರದೆಯಾಚೆ ನಿಂತೆ. ಇಟ್ಟಿಗೆ ಜಾರಿದರೆ? ತೂತಿಗೆ ಕಾಲು ಸಿಕ್ಕರೆ? ಸದ್ದಿಲ್ಲವಲ್ಲ, ಮತ್ತೆ ತಡೆಯುತ್ತಿದ್ದಾಳಾ? ತಾಳಲಾರದೆ ಗೋಣಿಯ ಅಂಚು ಸರಿಸಿ ಇಣುಕಿದೆ.

ನೀರು ತುಂಬಿದ ಪ್ಲಾಸ್ಟಿಕ್ ಮಗ್ಗು ಹಣೆಗೆ ಬಂದು ಬಿತ್ತು.

"ನೋಡ್ಬ್ಯಾಡಾ!"

ಒಬ್ಬಳೇ ಕೂತಿದ್ದಾಳೆ ಎಂದು ಹೇಳಲು ನೆನೆದ ಅಂಗಿಯಲ್ಲೇ ಹೆಂಡತಿಯ ಹತ್ತಿರ ಓಡಿದೆ.