ಕಾವ್ಯಳ ಲಾರಿ, ಹುಲುಗೇಶನ ಸ್ಕ್ರೂಡ್ರೈವರ್

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಹುಲುಗೇಶನನ್ನು ಮನೆಗೆ ಕರೆದು ಚಹಾ ಕೊಡಬೇಕೆಂದರೆ, ಮನೆಯ ಯಂತ್ರಗಳನ್ನೆಲ್ಲ ಮೊದಲು ಆಫ್ ಮಾಡಿಟ್ಟಿರಬೇಕು. ಇಲ್ಲದಿದ್ದರೆ ಚಹಾ ಆರಿ ತಣ್ಣಗಾಗುತ್ತದೆ, ಯಾವುದಾದರೂ ಒಂದು ಯಂತ್ರ ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿರುತ್ತದೆ. ಕೆಟ್ಟದ್ದನ್ನು ರಿಪೇರಿ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದರಲ್ಲೇನೂ ದೊಡ್ಡಸ್ತಿಕೆಯಿಲ್ಲ. ಇವನ ಜಾಡ್ಯವೇ ಬೇರೆ. ಚೆನ್ನಾಗಿ ನಡೆಯುತ್ತಿರುವುದನ್ನು ಕಂಡರೆ ಇವನಿಗೆ ಕೈ ತುರಿಸುತ್ತದೆ. ಇನ್ನಷ್ಟು ಚೆನ್ನಾಗಿ ನಡೆಯಬಹುದಲ್ಲ ಎಂಬ ಹುಳ ತಲೆ ಹೊಕ್ಕರೆ ಮುಗಿಯಿತು, ಊಟ ನಿದ್ದೆ ಎರಡೂ ಕೆಡುತ್ತವೆ.

ಹೆಣ್ಣು ನೋಡಲು ಚೋರನೂರಿಗೆ ಹೋದಾಗಲೂ ಹೀಗೇ ಆಯಿತು. ಹಿರಿಯರು ಪಡಸಾಲೆಯಲ್ಲಿ ಕೂತು ಬಳಗದ ವಿಚಾರ ಮಾತಾಡುತ್ತಿದ್ದಾಗ ಅಡುಗೆಮನೆಯಲ್ಲಿ ಮಿಕ್ಸಿ ಕರಕರ ಅಂದಿತು. ಅಂದದ್ದೇ ತಡ, ಮದುವೆ ಗಂಡು ಮಾಯ. ಕಾವ್ಯ ಅಡುಗೆಮನೆ ಹೊಕ್ಕು ನೋಡಿದರೆ, ತನ್ನನ್ನು ನೋಡಲು ಬಂದ ಗಂಡು ಇಸ್ತ್ರಿ ಅಂಗಿಯಲ್ಲೇ ನೆಲಕ್ಕೆ ಕೂತು ಮಿಕ್ಸಿಯ ಹೊಟ್ಟೆಯೊಳಗೆ ಕೈ ಹಾಕಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ. ಈ ಮನುಷ್ಯ ಮನೆಯಲ್ಲಿ ಏನೂ ಕೆಟ್ಟು ಕೂರಲು ಬಿಡುವುದಿಲ್ಲ ಎಂದುಕೊಂಡು ಒಪ್ಪಿಬಿಟ್ಟಳು. ಕೆಡದೇ ಇದ್ದದ್ದನ್ನೂ ಬಿಡುವುದಿಲ್ಲ ಎಂದು ಆಗ ಅವಳಿಗೆ ಹೇಗೆ ಗೊತ್ತಾಗಬೇಕು!

ಅವನ ದಂಧೆಯೂ ಅವನ ಸ್ವಭಾವಕ್ಕೆ ತಕ್ಕದ್ದೇ. ಕಂಪನಿಗಳ ಆಫೀಸಿನಲ್ಲಿ ಹಳೆಯದಾಯಿತೆಂದು ಮೂಲೆಗೆ ಹಾಕಿದ ಕಂಪ್ಯೂಟರುಗಳನ್ನು ಲಾಟಿನ ಲೆಕ್ಕದಲ್ಲಿ ಅಗ್ಗಕ್ಕೆ ಕೊಳ್ಳುತ್ತಾನೆ. ಲಗೇಜ್ ಆಟೊದಲ್ಲಿ ಹೇರಿಕೊಂಡು ಬಂದು ಅಂಗಳದಲ್ಲಿ ಸಾಲಾಗಿ ಇಳಿಸುತ್ತಾನೆ. ತಂದ ಕೂಡಲೇ ಸ್ವಿಚ್ ಹಾಕುವ ಮಾತೇ ಇಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡು ಮೊದಲು ಬ್ಲೋವರ್ ಹಿಡಿಯುತ್ತಾನೆ. ಯಶವಂತನಗರದ ಗಣಿ ಆಫೀಸಿನಿಂದ ಬಂದದ್ದಾದರೆ ಒಳಗೆಲ್ಲ ಕೆಂಪು ಧೂಳು. ಅದಿರಿನ ಧೂಳು ಕೂತ ಬೋರ್ಡಿಗೆ ಕರೆಂಟು ಕೊಟ್ಟರೆ ಸುಟ್ಟುಹೋದೀತೆಂದು ಅವನಿಗೆ ಭಯ. ಕಂಪ್ಲಿಯ ರೈಸ್ ಮಿಲ್ಲಿನದಾದರೆ ತೌಡು, ಜೊತೆಗೆ ಇಲಿ ಸಂಸಾರ ಹೂಡಿದ ಗುರುತು. ಯಾವ ಊರಿನ ಡಬ್ಬಿ ಎಂದು ಕಣ್ಣುಮುಚ್ಚಿ ವಾಸನೆಯಲ್ಲೇ ಹೇಳುತ್ತಾನೆ.

ಆಮೇಲೆ ಡಿಸ್ಕ್ ಅಳಿಸುವುದು. ಆಫೀಸಿನ ಕಾಗದಪತ್ರ ಒಂದಕ್ಷರವೂ ಉಳಿಯಬಾರದು ಎಂಬ ಕರಾರಿನ ಮೇಲೆಯೇ ಕಂಪನಿಯವರು ಮಾಲು ಕೊಡುವುದು. ಹಾಗಾಗಿ ಡಿಸ್ಕುಗಳನ್ನೆಲ್ಲ ಕಿತ್ತು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಒಂದರ ಹಿಂದೊಂದು ಪೂರಾ ಒರೆಸಿ ಹಾಕುತ್ತಾನೆ. ಅದು ಮುಗಿದ ಮೇಲೆ ನಿಜವಾದ ಸುಖ ಶುರು. ರ‍್ಯಾಮ್ ಹೆಚ್ಚಿಸುವುದು, ಎಸ್‌ಎಸ್‌ಡಿ ಕೂರಿಸುವುದು, ಆಫೀಸಿನ ಬಡಪಾಯಿ ಪವರ್ ಸಪ್ಲೈ ತಾಳಿಕೊಳ್ಳುವಂಥ ಸಣ್ಣ ಗ್ರಾಫಿಕ್ಸ್ ಕಾರ್ಡ್ ಹುಡುಕಿ ಸಿಕ್ಕಿಸುವುದು. ನಿನ್ನೆಯವರೆಗೆ ಅದಿರಿನ ಪರ್ಮಿಟ್ಟು ಪ್ರಿಂಟ್ ಹೊಡೆಯುತ್ತಿದ್ದ ಡಬ್ಬಿ ಇವತ್ತು ಕಾರು ಓಡಿಸುತ್ತದೆ, ಗುಂಡು ಹಾರಿಸುತ್ತದೆ. ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದವರು, ಹಂಪಿಯ ರೂಮುಗಳ ಕೌಂಟರಿನಲ್ಲಿ ಕೂರುವವರು, ಮಲಪನಗುಡಿಯ ಕಾಲೇಜು ಹುಡುಗರು, ಎಲ್ಲರೂ ಇವನ ಗಿರಾಕಿಗಳು.

ಮಾರುವ ಮೊದಲು ಗೇಮ್ ಹಾಕಿ ಒಂದಷ್ಟು ಹೊತ್ತು ಓಡಿಸಿ ನೋಡಬೇಕು, ಬಿಸಿಯಾಗುತ್ತದೋ ನಿಂತುಹೋಗುತ್ತದೋ ಎಂದು. ಆದರೆ ಹುಲುಗೇಶನಿಗೆ ಒಂದು ಕಡೆ ಕೂರುವುದೆಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಅದಕ್ಕೇ ಆ ಕೆಲಸ ಕಾವ್ಯಳ ಪಾಲಿಗೆ ಬಂತು. ಮೊದಮೊದಲು ಬೈದುಕೊಂಡೇ ಕೂತಳು. ಆಮೇಲೆ ಪೆನ್ ಡ್ರೈವಿನಲ್ಲಿದ್ದ ಗೇಮುಗಳ ನಡುವೆ ಅವಳಿಗೊಂದು ಲಾರಿ ಓಡಿಸುವ ಆಟ ಸಿಕ್ಕಿತು.

ಕಾವ್ಯಳ ಕೆಲಸ ಸಂಡೂರು ರಸ್ತೆಯ ವೇಬ್ರಿಡ್ಜಿನಲ್ಲಿ. ಗಾಜಿನ ಗೂಡಿನೊಳಗೆ ಕೂರುತ್ತಾಳೆ. ಲಾರಿ ತಟ್ಟೆಯ ಮೇಲೆ ಬರುತ್ತದೆ, ನಂಬರು ಬರೆದು ತೂಕ ನೋಡಿ ಸ್ಲಿಪ್ ಕೊಡುತ್ತಾಳೆ, ಲಾರಿ ಹೋಗುತ್ತದೆ. "ಅಕ್ಕಾ, ಜಲ್ದಿ ಕೊಡ್ರಿ" ಎಂದು ಡ್ರೈವರುಗಳು ಕೂಗುತ್ತಾರೆ, ಧೂಳೆಬ್ಬಿಸಿ ಎಲ್ಲೆಲ್ಲಿಗೋ ಹೋಗುತ್ತಾರೆ. ಅವಳು ಕೂತಲ್ಲೇ. ಸಂಜೆ ಮನೆಗೆ ಬಂದು ಅಡುಗೆ ಮುಗಿಸಿ ಕಂಪ್ಯೂಟರಿನ ಮುಂದೆ ಕೂತರೆ ಮಾತ್ರ ಸ್ಟೇರಿಂಗು ಅವಳದು. ಆಟದಲ್ಲಿ ಮೊದಲು ಬೇರೆಯವರ ಲಾರಿಗೆ ಕೂಲಿ ಡ್ರೈವರ್ ಆಗಬೇಕು. ಬಾಡಿಗೆ ಹೊಡೆದು ಹೊಡೆದು ಗಳಿಸಿದ ಮೇಲೆಯೇ ಸ್ವಂತ ಗಾಡಿ. ಆದರೆ ಅವಳು ಅರ್ಧ ದಾರಿ ಮುಟ್ಟುವಷ್ಟರಲ್ಲಿ ಗಿರಾಕಿ ಬರುತ್ತಿದ್ದ, ಕಂಪ್ಯೂಟರು ಮಾರಿಹೋಗುತ್ತಿತ್ತು. ಕಾವ್ಯ ಮತ್ತೆ ಮೊದಲಿನಿಂದ ಕೂಲಿ ಡ್ರೈವರ್. ಇದು ಎಷ್ಟು ಸಲ ಆಯಿತೆಂದು ಅವಳೇ ಲೆಕ್ಕ ಬಿಟ್ಟಿದ್ದಳು.

ಹೀಗಿರುವಾಗ ಕಂಪ್ಲಿಯ ಗಾದಿಲಿಂಗಪ್ಪನವರು ಹೇಳಿಕಳಿಸಿದರು. ರೈಸ್ ಮಿಲ್ಲಿನ ಮಾಲೀಕರು, ದೈವಭಕ್ತರು. ಆಯುಧ ಪೂಜೆ ಬಂದರೆ ಮಿಲ್ಲಿನ ಯಂತ್ರಗಳ ಜೊತೆ ಆಫೀಸಿನ ಕಂಪ್ಯೂಟರಿಗೂ ವಿಭೂತಿ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆಯುವವರು. ಆ ಕಂಪ್ಯೂಟರು ಹಳೆಯದಾಗಿತ್ತು, ಆದರೆ ಗುಜರಿಗೆ ಹಾಕಲು ಅವರಿಗೆ ಮನಸ್ಸಿಲ್ಲ.

"ರೊಕ್ಕ ಬ್ಯಾಡಪ್ಪ ಹುಲುಗೇಶ, ಹಂಗ ಒಯ್ಯಿ. ಆದ್ರ ಮಾರಬ್ಯಾಡ. ಪೂಜಿ ಮಾಡಿದ ಯಂತ್ರ ಅದು, ನಿನ್ನ ಮನ್ಯಾಗ ಇರ್ಲಿ" ಎಂದು ಎಲೆ ಅಡಿಕೆ ಇಟ್ಟು ಕೈಗೆ ಕೊಟ್ಟರು.

"ಮಾರಂಗಿಲ್ರಿ ಗೌಡ್ರ" ಎಂದು ಹುಲುಗೇಶ ಕಣ್ಣಿಗೊತ್ತಿಕೊಂಡ. ಮಾರಬೇಡ ಅಂದಿದ್ದರು, ಬಿಚ್ಚಬೇಡ ಅಂದಿರಲಿಲ್ಲ. ಅದೊಂದು ಸಂದು ಅವನಿಗೆ ಸಾಕಿತ್ತು.

ಮುಂಭಾಗದ ವಿಭೂತಿ ಪಟ್ಟಿ, ಕಾವ್ಯಳ ಆಟ ಕೂತಿದ್ದ ಡಿಸ್ಕು, ಇವೆರಡನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂಗಳೊಪ್ಪತ್ತಿನಲ್ಲಿ ಬದಲಿಸಿದ. ಕಾವ್ಯ ಮಾತ್ರ ಅದೇ ಕಂಪ್ಯೂಟರು, ಅದೇ ಡಿಸ್ಕು ಎಂದು ನೆಮ್ಮದಿಯಾಗಿದ್ದಳು. ಮೊದಲ ಸಲ ಅವಳ ಲಾರಿ ಅರ್ಧ ದಾರಿ ದಾಟಿತು. ಪರದೇಶದ ಹೈವೇಗಳಲ್ಲಿ ಮಳೆಯಲ್ಲಿ, ಹಿಮದಲ್ಲಿ ಬಾಡಿಗೆ ಹೊಡೆದಳು. ಒಂದು ಸಂಜೆ ರೊಟ್ಟಿ ಬಡಿಯುತ್ತ ಹೇಳಿದಳು:

"ಇನ್ನೊಂದ ಟ್ರಿಪ್ ರೀ. ನಾಳೆ ಸ್ವಂತ ಗಾಡಿ ಬರ್ತೈತಿ. ನೀಲಿ ಬಣ್ಣದ್ದು ನೋಡಿಟ್ಟೀನಿ. ಅದರ ಮುಂದ ನನ್ನ ಹೆಸರು ಬರಸ್ತೀನಿ."

"ಹ್ಞೂಂ" ಅಂದ ಹುಲುಗೇಶ. ಅವನ ಕಿವಿ ಅವಳ ಮಾತಿನ ಮೇಲಿರಲಿಲ್ಲ. ಆಟ ಶುರುವಾಗಲು ಹಳೆಯ ಹಾರ್ಡ್ ಡಿಸ್ಕ್ ಗಿರಗಿರ ಎಂದು ಅಷ್ಟು ಹೊತ್ತು ತೆಗೆದುಕೊಳ್ಳುವುದು ಅವನ ಎದೆಗೆ ಚುಚ್ಚುತ್ತಿತ್ತು. ಒಂದು ಎಸ್‌ಎಸ್‌ಡಿ ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುತ್ತದೆ. ಅವಳು ಬರುವಷ್ಟರಲ್ಲಿ ಹಾಕಿಟ್ಟರೆ ಎಷ್ಟು ಖುಷಿಪಟ್ಟಾಳು!

ಮರುದಿನ ಯಶವಂತನಗರದಿಂದ ಲಾಟು ಬಂದಿತ್ತು. ಕಾವ್ಯ ಡ್ಯೂಟಿಗೆ ಹೋದ ಮೇಲೆ ಅವನು ಅವಳ ಡಿಸ್ಕ್ ಕಿತ್ತು ಮೇಜಿನ ಮೇಲಿಟ್ಟ. ಅದರಲ್ಲಿದ್ದದ್ದನ್ನು ಹೊಸದಕ್ಕೆ ನಕಲು ಮಾಡಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ, ಕಾದು ಕೂರಬೇಕು. ಕಾಯುವುದು ಅವನ ಜಾತಕದಲ್ಲೇ ಇಲ್ಲ. ಮೊದಲು ಆಫೀಸಿನವನ್ನು ಒರೆಸಿಬಿಡೋಣ, ಆಮೇಲೆ ನಿಧಾನಕ್ಕೆ ಇದನ್ನು ಮಾಡಿದರಾಯಿತು ಎಂದು ಬಂದ ಡಿಸ್ಕುಗಳನ್ನೆಲ್ಲ ಕಿತ್ತು ಪಕ್ಕದಲ್ಲೇ ಜೋಡಿಸಿದ. ಒಂದೇ ಕಂಪನಿ, ಒಂದೇ ಬಣ್ಣ, ಒಂದೇ ಚೀಟಿ. ನಡುವೆ ಗಿರಾಕಿಯ ಫೋನು, ಹೊರಗೆ ಆಟೊದವನ ಕೂಗು. ತಿರುಗಿ ಬಂದವನ ಕೈ ಸಾಲನ್ನು ನೋಡಿತು, ರೂಢಿಯ ಕೆಲಸ ರೂಢಿಯಂತೆ ಮಾಡುತ್ತ ಹೋಯಿತು. ಎಲ್ಲ ಮುಗಿದು, ನಕಲು ಮಾಡಲೆಂದು ಕಾವ್ಯಳ ಡಿಸ್ಕನ್ನು ಹುಡುಕಿದಾಗಲೇ ಅವನಿಗೆ ಗೊತ್ತಾದದ್ದು. ಮೇಜಿನ ಮೇಲೆ ಒರೆಸದ ಡಿಸ್ಕ್ ಒಂದೂ ಉಳಿದಿರಲಿಲ್ಲ.

ಅಳಿಸಿಹೋದದ್ದನ್ನು ಮೇಲೆತ್ತುವ ವಿದ್ಯೆಗಳನ್ನೆಲ್ಲ ಪ್ರಯೋಗಿಸಿದ. ಆದರೆ ಅವನು ಕೆಲಸದಲ್ಲಿ ಮೋಸ ಮಾಡುವವನಲ್ಲ, ಒರೆಸಿದ್ದನ್ನು ಚೆನ್ನಾಗಿಯೇ ಒರೆಸಿದ್ದ. ಅಂಗಳದಿಂದ ಒಳಕ್ಕೆ, ಒಳಗಿನಿಂದ ಅಂಗಳಕ್ಕೆ ಅಡ್ಡಾಡಿದ. ಸಂಜೆ ಕಾವ್ಯ ಬಂದು ಕಾಲಿನ ಕೆಂಪು ಧೂಳು ತೊಳೆದುಕೊಳ್ಳುತ್ತಿದ್ದಾಗ ಬಾಗಿಲಲ್ಲಿ ನಿಂತು ಹೇಳಿದ.

"ಕಾವ್ಯ, ನಿನ್ನ ಲಾರಿ ಹೋತು."

"ಎಲ್ಲಿಗೆ?" ಅಂದಳು, ನಗುತ್ತಲೇ.

"ಎಲ್ಲಿಗೂ ಅಲ್ಲ. ಆಫೀಸಿನ ಡಿಸ್ಕಿನ ಜೋಡಿ ಅದನ್ನೂ ಅಳಿಸಿಬಿಟ್ಟೆ."

ಅವಳು ತಂಬಿಗೆ ಕೆಳಗಿಟ್ಟಳು. ಬೈದಿದ್ದರೆ ಅವನು ಎಷ್ಟೋ ಹಗುರಾಗುತ್ತಿದ್ದ. ಅವನಿಗೋ ಸುಮ್ಮನಿರಲು ಬರುವುದಿಲ್ಲ.

"ಇನ್ನೊಂದ್ ಸಲ ಶುರು ಮಾಡಿದ್ರಾತು ಬಿಡು. ಈಗ ಭಾಳ ಫಾಸ್ಟ್ ಆಗೇತಿ, ಬಂದು ನೋಡು."

"ದಿನಾ ಲಾರಿ ತೂಗ್ತೀನ್ರಿ ನಾನು" ಅಂದಳು ಕಾವ್ಯ. "ಬರ್ತಾವು, ಹೋಗ್ತಾವು. ಒಂದರಾಗೂ ಕುಂತಿಲ್ಲ. ನನ್ನ ಹೆಸರಿಂದು ಅಂತ ಅದೊಂದ ಬರೂದಿತ್ತು. ಮತ್ತ ಯಾಕ ಶುರು ಮಾಡ್ಲಿ? ಇನ್ನೇನರ ಹೊಸಾದು ಸಿಕ್ಕಕೂಡ್ಲೆ ಮತ್ತ ಬಿಚ್ತೀರಿ."

ಇನ್ನು ಅದನ್ನು ಮುಟ್ಟಿದರೆ ಕೇಳು ಎಂದು ಹುಲುಗೇಶ ಹುಲಿಗೆಮ್ಮನ ಆಣೆ ಮಾಡಿದ. ಬಳ್ಳಾರಿಯಿಂದ ಆಟಕ್ಕೆ ಬಳಸುವ ಸೆಕೆಂಡ್ ಹ್ಯಾಂಡ್ ಸ್ಟೇರಿಂಗು ತಂದು ಮೇಜಿಗೆ ಬಿಗಿದ. ಕಾವ್ಯ ಅತ್ತ ತಿರುಗಿಯೂ ನೋಡಲಿಲ್ಲ. ಸಂಜೆ ಹೊತ್ತು ಬಾಗಿಲ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ಆ ವಾರ ಮುಗಿಯುವ ಮೊದಲೇ, ಒಂದು ಸ್ಕ್ರೂ ಸಡಿಲವಾದ ಹಾಗಿದೆ, ಅಷ್ಟೇ ಬಿಗಿ ಮಾಡಿ ಮುಚ್ಚಿಬಿಡುತ್ತೇನೆ ಎಂದು ಅವನು ಕಂಪ್ಯೂಟರಿನ ಮಗ್ಗುಲು ತೆಗೆದ. ಕಾವ್ಯ ಡ್ಯೂಟಿ ಮುಗಿಸಿ ಬಂದಾಗ ಪವರ್ ಸಪ್ಲೈ ಅವನ ತೊಡೆಯ ಮೇಲಿತ್ತು.

ಅವಳು ಚೀಲವನ್ನೂ ಕೆಳಗಿಡದೆ ಬಂದ ಹೆಜ್ಜೆಯಲ್ಲೇ ಹೊರಟಳು. ತಿರುಗಿ ಬಂದಾಗ ಕೈಯಲ್ಲೊಂದು ಸಣ್ಣ ಬೀಗ.

"ಜೋಡಸ್ರಿ ಅದನ್ನ."

ಜೋಡಿಸಿದ. ಆಫೀಸಿನ ಕಂಪ್ಯೂಟರುಗಳ ಹಿಂದೆ ಒಂದು ಕಬ್ಬಿಣದ ಬಳೆ ಇರುತ್ತದೆ. ಬಿಡಿಭಾಗ ಯಾರೂ ಕದಿಯದಿರಲೆಂದು ಬೀಗ ಹಾಕಲು ಮಾಡಿದ್ದು. ಲೆಕ್ಕವಿಲ್ಲದಷ್ಟು ಡಬ್ಬಿ ಬಿಚ್ಚಿದ ಹುಲುಗೇಶ ಆ ಬಳೆಯ ಕಡೆ ಲಕ್ಷ್ಯ ಕೊಟ್ಟವನೇ ಅಲ್ಲ. ಕಾವ್ಯ ಬೀಗವನ್ನು ಅದಕ್ಕೆ ಸಿಕ್ಕಿಸಿದಳು.

"ನಮ್ಮ ವೇಬ್ರಿಡ್ಜಿನ್ಯಾಗ ಹಿಂಗ ಹಾಕ್ಯಾರ" ಅಂದಳು.

"ಅದು ಕಳ್ಳರಿಗೆ ಹಾಕೂದು. ನಾನೇನ್ ಕಳ್ಳನ?"

ಅವಳು ಬೀಗ ಒತ್ತಿ, ಕೀಲಿಯನ್ನು ತಾಳಿಯಲ್ಲಿದ್ದ ಪಿನ್ನಿಗೆ ಸಿಕ್ಕಿಸಿಕೊಂಡಳು. ಆ ಮಾತಿಗೆ ಉತ್ತರ ಬರಲಿಲ್ಲವಲ್ಲ ಎಂಬುದು ಹುಲುಗೇಶನನ್ನು ಎಷ್ಟೋ ದಿನ ಮುಳ್ಳಿನಂತೆ ಕಾಡಿತು. ಮನಸ್ಸು ಮಾಡಿದ್ದರೆ ಆ ಬೀಗ ತೆಗೆಯಲು ಅವನಿಗೆ ಒಂದು ಸೇಫ್ಟಿ ಪಿನ್ನು ಸಾಕಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಮರುಸಂಜೆಯೇ ಅವಳು ಮತ್ತೆ ಕೂಲಿ ಡ್ರೈವರ್ ಆದಳು. ಹುಲುಗೇಶ ಬೇರೆ ಡಬ್ಬಿಗಳನ್ನು ಬಿಚ್ಚಿದ, ಜೋಡಿಸಿದ, ಮಾರಿದ. ಆದರೆ ಯಾವ ಕೆಲಸದಲ್ಲಿದ್ದರೂ ಅವನ ಕಿವಿ ಒಳಗಿನ ಕೋಣೆಯಲ್ಲೇ. ಬೀಗ ಹಾಕಿದ ಆ ಕಂಪ್ಯೂಟರು ಉಸಿರು ಬಿಟ್ಟರೂ ಕೇಳುತ್ತಿತ್ತು. ಎಷ್ಟೋ ವಾರ ಹಾಗೆ ಕಳೆದ ಮೇಲೆ ಒಂದು ಸಂಜೆ ಅದರ ಫ್ಯಾನು ಸಣ್ಣಗೆ ಕಿರುಗುಟ್ಟತೊಡಗಿತು. ಅವನು ಎದ್ದ, ಕೂತ, ಮತ್ತೆ ಎದ್ದ. ತಡೆಯಲಾಗದೆ ಒಳಗೆ ಹೋಗಿ ಅವಳ ಹಿಂದೆ ನಿಂತ.

"ಕೀಲಿ ಕೊಡು ಒಂದೀಟು. ಫ್ಯಾನ್ ಸಪ್ಪಳ ಬರಾಕತ್ತೈತಿ."

"ನನಗ ಕೇಳವಲ್ದು. ನನಗ ಲಾರಿ ಸಪ್ಪಳ ಅಷ್ಟ ಕೇಳ್ತೈತಿ."

ಅವಳ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಹುಲುಗೇಶ ಪರದೆ ನೋಡಿದ. ಇಷ್ಟು ವರ್ಷ ಅವನು ಪರದೆಯ ಮೂಲೆಯಲ್ಲಿ ಕುಣಿಯುವ ಕಂಪ್ಯೂಟರಿನ ಸ್ಪೀಡಿನ ಅಂಕಿಗಳನ್ನು ನೋಡಿದ್ದನೇ ಹೊರತು ರಸ್ತೆಯನ್ನು ನೋಡಿದವನಲ್ಲ. ದೊಡ್ಡ ರಸ್ತೆ, ಎರಡೂ ಕಡೆ ಹಸಿರು ಗುಡ್ಡ, ಆಗಷ್ಟೇ ಮಳೆ ನಿಂತ ಹಾಗಿತ್ತು. ನಡುವೆ ಒಂದು ನೀಲಿ ಲಾರಿ. ಅದರ ಹಣೆಯ ಮೇಲೆ ಅವಳ ಹೆಸರಿತ್ತು. ಯಾವಾಗ ಬಂತೆಂದು ಅವನಿಗೆ ಗೊತ್ತೇ ಆಗಿರಲಿಲ್ಲ. ಅವಳು ಹೇಳಿಯೂ ಇರಲಿಲ್ಲ.

ಕೇಳಬೇಕಾದ ಮಾತು ಅವನಿಗೆ ಈಗ ಹೊಳೆಯಿತು.

"ಎಲ್ಲಿಗೆ ಹೊಂಟಿ?"

ಕಾವ್ಯ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಲಾರಿಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದಳು.

"ಭಾಳ ದೂರ ಐತ್ರಿ" ಅಂದಳು. "ಬರೂದಿದ್ರ ಸುಮ್ನ ಕುಂದ್ರಿ."