ಮುಟ್ಟುವ ಕೋಲು, ಮುಟ್ಟದ ಕೈ

ಅಪ್ಪ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಹೊಸ ತಿಪ್ಪಸಂದ್ರದ ನಮ್ಮ ಮನೆ ಕಾರ್ಖಾನೆಯ ಸೈರನ್ನಿಗೆ ಏಳುತ್ತಿತ್ತು, ಸೈರನ್ನಿಗೆ ಉಣ್ಣುತ್ತಿತ್ತು. ಚಪ್ಪಲಿ ಬಾಗಿಲ ಎಡಕ್ಕೆ, ಛತ್ರಿ ಬಲಕ್ಕೆ, ಬಟ್ಟೆ ಒಣಗಿದ ಕೂಡಲೇ ಮಡಚಬೇಕು. ನನಗೆ ಈ ಶಿಸ್ತು ಕಷ್ಟವೆನಿಸಲಿಲ್ಲ. ಇಂದಿಗೂ ನಾನು ಹಾಗೆಯೇ ಬದುಕುವವಳು. ಆದರೆ ಹದಿನಾರರ ಆ ಬೇಸಿಗೆಯಲ್ಲಿ ಕೈಕಾಲು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ. ಊಟಕ್ಕೆ ಕೂತರೆ ಮಂಡಿ ಅಲುಗುತ್ತಿತ್ತು. ಓದಲು ಕೂತರೆ ಮಣಿಕಟ್ಟು ತಾನಾಗಿ ತಿರುಗುತ್ತಿತ್ತು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ಅಪ್ಪ ಕರೆದು ಹೇಳಿದರು: "ಕಾಲೇಜು ಶುರುವಾದ್ಮೇಲೆ ಒಂದೇ ಕ್ಲಾಸು. ಕರಾಟೆನೋ, ದೊಣ್ಣೆನೋ, ನೀನೇ ಹೇಳು. ಎರಡು ದೋಣೀಲಿ ಕಾಲಿಡೋದು ಬೇಡ."

"ಎರಡೂ ಮಾಡ್ತೀನಿ ಅಪ್ಪ, ಟೈಮ್ ಹೊಂದಿಸ್ಕೊತೀನಿ."

"ಟೈಮ್ ಹೊಂದುತ್ತೆ. ಮೈ ಹೊಂದಬೇಕಲ್ಲ? ನೀನು ಹೇಳದಿದ್ರೆ ನಾನು ಹೇಳ್ತೀನಿ."

ನನಗೆ ಎರಡೂ ಬೇಕಾಗಿತ್ತು. ಅದೊಂದೇ ಅಂದಿನ ನನ್ನ ಸಂಕಟ.

ಕರಾಟೆ ಇಂದಿರಾನಗರದ ಒಂದು ಶಾಲೆಯ ಹಾಲಿನಲ್ಲಿ ನಡೆಯುತ್ತಿತ್ತು. ಬೆಳಿಗ್ಗೆ ತಣ್ಣನೆಯ ಮೊಸಾಯಿಕ್ ನೆಲದ ಮೇಲೆ ಬರಿಗಾಲಲ್ಲಿ ಸಾಲಾಗಿ ನಿಲ್ಲಬೇಕು. ಎಲ್ಲರ ಬಟ್ಟೆ ಬಿಳಿ, ಬೆಲ್ಟಿನ ಬಣ್ಣ ಮಾತ್ರ ಬೇರೆ. ಮಾಸ್ಟರ್ ಜಪಾನಿ ಪದಗಳಲ್ಲೇ ಆಜ್ಞೆ ಕೊಡುತ್ತಿದ್ದರು. "ಯಾಮೆ" ಎಂದರೆ ನಿಲ್ಲಿಸು ಎಂದರ್ಥ. ಚಿಕ್ಕಂದಿನಲ್ಲಿ, ಸೇರಿದ ಹೊಸದರಲ್ಲಿ, ನನಗೆ ಅದು "ಆಮೆ" ಎಂದು ಕೇಳಿಸಿತ್ತು. ಆಮೆಯ ಹಾಗೆ ಅಂಗಾಂಗಗಳನ್ನು ಒಳಗೆಳೆದುಕೊಳ್ಳಬೇಕೆಂದು ತಿಳಿದು, ಅವರು ಹಾಗೆ ಕೂಗಿದಾಗಲೆಲ್ಲ ಕೈ ಎದೆಗೆ ತಂದು, ಕುತ್ತಿಗೆ ಕುಗ್ಗಿಸಿ ನಿಲ್ಲುತ್ತಿದ್ದೆ. ಎಷ್ಟೋ ದಿನ ಯಾರೂ ತಿದ್ದಲಿಲ್ಲ. ಕೊನೆಗೆ ಕೇಳಿದವಳು ಪಕ್ಕದ ಸಾಲಿನ ಗೆಳತಿ, ಶಿವಾಜಿನಗರದಿಂದ ಬಸ್ಸಿನಲ್ಲಿ ಬರುತ್ತಿದ್ದವಳು.

"ಏನೇ ಅದು, ಪ್ರತಿ ಸಲ ಚಳಿ ಬಂದೋರ ಥರಾ ಮುದುಡ್ಕೊತೀಯಲ್ಲ?"

ನಾನು ಆಮೆಯ ವಿಷಯ ಹೇಳಿದೆ. ಅವಳು ಹೊಟ್ಟೆ ಹಿಡಿದು ನಕ್ಕು ನೆಲಕ್ಕೆ ಕೂತಳು. ಅಂದಿನಿಂದ ನನ್ನ ಹೆಸರು ಆಮೆ.

ಆದರೂ ಆ ತಪ್ಪಿನಲ್ಲಿ ಒಂದು ನಿಜವಿತ್ತು. ಆ ವಿದ್ಯೆಯ ಸತ್ವ ಇರುವುದೇ ಹಿಂದಕ್ಕೆ ಎಳೆದುಕೊಳ್ಳುವುದರಲ್ಲಿ. ಗುದ್ದು ಪೂರ್ತಿ ವೇಗದಲ್ಲಿ ಹೋಗಬೇಕು, ಎದುರಾಳಿಯ ಚರ್ಮಕ್ಕೆ ಕೂದಲೆಳೆ ದೂರದಲ್ಲಿ ನಿಲ್ಲಬೇಕು. "ಗಾಳಿ ತಾಗ್ಲಿ, ಕೈ ತಾಗ್ಬಾರ್ದು" ಎನ್ನುತ್ತಿದ್ದರು ಮಾಸ್ಟರ್. ಮುಟ್ಟದೆ ಇರುವುದೇ ಗೆಲುವು.

ದೊಣ್ಣೆವರಸೆ ಇದಕ್ಕೆ ಪೂರ್ತಿ ವಿರುದ್ಧ. ಜೋಗುಪಾಳ್ಯದಲ್ಲಿ ಒಂದು ಗುಡಿಯ ಹಿಂದಿನ ಮಣ್ಣಿನ ಅಂಗಳದಲ್ಲಿ ಅದನ್ನು ಸಿಲಂಬಂ ಎಂಬ ತಮಿಳು ಹೆಸರಿನಲ್ಲಿ ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಹಿರಿಯರು. ಅವರನ್ನು ಎಲ್ಲರೂ ವಾದ್ಯಾರ್, ಅಂದರೆ ಮೇಷ್ಟ್ರು, ಎನ್ನುತ್ತಿದ್ದರು. ಅಲ್ಲಿ ಸಮವಸ್ತ್ರವಿಲ್ಲ, ಬೆಲ್ಟಿಲ್ಲ, ಸಾಲೂ ಇಲ್ಲ. ಕೈ ಪಳಗಿದರೆ ಇನ್ನೊಂದಿಷ್ಟು ಉದ್ದದ ಬಿದಿರು ಸಿಗುತ್ತದೆ, ಅಷ್ಟೇ ಬಡ್ತಿ. ಕರಾಟೆಯಲ್ಲಿ ಪಾದ ನೆಲಕ್ಕೆ ಬೇರೂರಬೇಕು, ಇಲ್ಲಿ ಪಾದ ಒಂದೆಡೆ ನಿಂತರೆ ಬೈಗುಳ. "ನಿಂತ ಕಾಲು ಸತ್ತ ಕಾಲು ಮಾ" ಎನ್ನುತ್ತಿದ್ದರು ವಾದ್ಯಾರ್. ಕೋಲಿನ ತುದಿಯನ್ನು ಒದ್ದೆ ಬೂದಿಯಲ್ಲಿ ಅದ್ದಿ ಆಡುತ್ತಿದ್ದೆವು. ಎದುರಾಳಿಯ ಬಟ್ಟೆಯ ಮೇಲೆ ಗುರುತು ಮೂಡಿಸಿದವರು ಗೆದ್ದಂತೆ. ಮೆಲ್ಲಗೇ ಆಗಲಿ, ಮುಟ್ಟಲೇಬೇಕು. ಕೋಲು ಬೀಸುವಾಗ ಕಿವಿಯ ಬಳಿ ಗಾಳಿ ಸುಯ್ಯೆನ್ನುತ್ತಿತ್ತು. ನನ್ನ ಮೈಯ ಕಡಿವಾಣವಿಲ್ಲದ ಚಡಪಡಿಕೆಗೆ ಆ ಸದ್ದಿನಲ್ಲಿ ಮಾತ್ರ ಒಂದು ದಾರಿ ಸಿಗುತ್ತಿತ್ತು.

ಗೆಳತಿಯ ಪ್ರಕಾರ ಎರಡೂ ಅರ್ಧಂಬರ್ಧ ವಿದ್ಯೆಗಳು. ಅವಳ ಅಜ್ಜ ಹರೆಯದಲ್ಲಿ ತಾಲೀಮಿನ ಮಣ್ಣಿನಲ್ಲಿ ಕುಸ್ತಿ ಆಡಿದವರು. ಅವರಿಂದ ಮನೆಯಲ್ಲೇ ಕಲಿತ ಒಂದು ಪಟ್ಟನ್ನು ಅವಳು ಬಸ್ ಸ್ಟಾಪಿನಲ್ಲಿ ನನ್ನ ಮೇಲೆ ಪ್ರಯೋಗಿಸಿದಳು. ನನ್ನ ತೋಳು ಅವಳ ಕಂಕುಳಲ್ಲಿ ಸಿಕ್ಕಿಬಿತ್ತು.

"ಒಂದು ಮುಟ್ಟಲ್ಲ, ಒಂದು ಮುಟ್ಟಿ ಓಡುತ್ತೆ. ನಮ್ದು ಹಿಡಿದ್ರೆ ಬಿಡಲ್ಲ. ಹೇಳು, ಯಾವ್ದು ದೊಡ್ದು?"

"ಬಿಡೇ, ಬಸ್ ಬಂತು!"

"ಬಸ್ಸೂ ನಕ್ಕೋ, ಗಿಸ್ಸೂ ನಕ್ಕೋ, ಏನೂ ಬೇಡ. ಮೊದ್ಲು ಹೇಳು!"

ಆ ಬಸ್ ಹೋಯಿತು. ಯಾವುದು ದೊಡ್ಡದು ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಕಾಲೇಜು ತೆರೆಯುವ ಮೊದಲು ಎರಡು ಪರೀಕ್ಷೆಗಳಿದ್ದವು. ಅಂಗಳದಲ್ಲಿ ಒಂದು ಭಾನುವಾರದ ಪಂದ್ಯ, ಅದರ ಮುಂದಿನ ಭಾನುವಾರ ಹಾಲಿನಲ್ಲಿ ಕಂದು ಬೆಲ್ಟಿನ ಪರೀಕ್ಷೆ. ಎರಡರಲ್ಲೂ ಗೆದ್ದು ತೋರಿಸಿದರೆ ಮೈ ಎರಡಕ್ಕೂ ಹೊಂದಿದೆ ಎಂದು ಅಪ್ಪ ಒಪ್ಪಲೇಬೇಕು. ಇದು ನನ್ನ ಲೆಕ್ಕಾಚಾರ.

ಪಂದ್ಯದಲ್ಲಿ ನನ್ನ ಎದುರು ವಾದ್ಯಾರರ ಮೊಮ್ಮಗಳು. ನನಗಿಂತ ಚಿಕ್ಕವಳು, ಗಿಡ್ಡ ಬೇರೆ. ಅವಳ ಹೆಗಲು ಮತ್ತೆ ಮತ್ತೆ ತೆರೆದುಕೊಂಡಿತು. ಮತ್ತೆ ಮತ್ತೆ ನನ್ನ ಕೋಲು ಅಲ್ಲಿಗೆ ಹೋಗಿ, ಕೂದಲೆಳೆ ದೂರದಲ್ಲಿ, ಅಚ್ಚುಕಟ್ಟಾಗಿ ನಿಂತುಬಿಟ್ಟಿತು. ಅವಳು ನಿಲ್ಲಿಸಲಿಲ್ಲ. ಮುಗಿಯುವ ಹೊತ್ತಿಗೆ ನನ್ನ ನೀಲಿ ಲಂಗ, ರವಿಕೆಯ ತುಂಬ ಬೂದಿ. ಅವಳ ಬಟ್ಟೆ ಆಗ ತಾನೇ ಇಸ್ತ್ರಿ ಮಾಡಿದಂತಿತ್ತು.

"ಎನ್ನಮ್ಮಾ ಇದು?" ವಾದ್ಯಾರ್ ತಲೆಯ ಮೇಲೆ ಕೈ ಹೊತ್ತರು. "ಬಾಗಿಲು ತೆಗ್ದು ಬಾ ಅಂತಾ ಕರೀತಿದಾಳೆ. ನೀನು ಹೊಸ್ಲಲ್ಲಿ ನಿಂತು ನಮಸ್ಕಾರ ಮಾಡ್ತೀಯಾ? ಒಳ್ಗೆ ಹೋಗು ಮಾ!"

ಆ ವಾರವಿಡೀ ದಿನವೂ ಕರೆದು ನನ್ನಿಂದ ಒಂದೇ ಕೆಲಸ ಮಾಡಿಸಿದರು. ತೂಗುಹಾಕಿದ ಗೋಣಿಚೀಲದ ಮೇಲೆ ಬೂದಿ ಮೂಡಿಸುವುದು. ಎಡ, ಬಲ, ಮೇಲೆ, ಕೆಳಗೆ. ಒಳಗೆ ಹೋಗು, ಒಳಗೆ ಹೋಗು. ರಾತ್ರಿ ಮಲಗಿದರೆ ಕೈ ತಾನಾಗಿ ಚಿಮ್ಮುತ್ತಿತ್ತು.

ಭಾನುವಾರ ಬೆಲ್ಟಿನ ಪರೀಕ್ಷೆಯಲ್ಲಿ ನನ್ನ ಎದುರು ನಿಂತವಳು ಗೆಳತಿ. "ಬಾ ಆಮೆ" ಎಂದು ತುಟಿಯಲ್ಲೇ ಅಣಕಿಸಿದಳು. ನಾವಿಬ್ಬರೂ ತಲೆಬಾಗಿ ವಂದಿಸಿದೆವು. ಅವಳು ಒದೆದಳು, ನಾನು ತಪ್ಪಿಸಿಕೊಂಡೆ. ಅವಳ ಮುಖ ತೆರೆದುಕೊಂಡಿತು. "ಯಾಮೆ!" ಎಂಬ ಕೂಗು ನನಗೆ ಸ್ಪಷ್ಟವಾಗಿಯೇ ಕೇಳಿಸಿತು. ಆದರೆ ಕೈ ಆಗಲೇ ಒಳಗೆ ಹೋಗಿತ್ತು.

ಮೂಗು ಮುರಿಯಲಿಲ್ಲ. ರಕ್ತ ಮಾತ್ರ ಬಿಳಿ ಬಟ್ಟೆಯ ಮೇಲೆ ಧಾರಾಳವಾಗಿ ಬಿತ್ತು. ಮಾಸ್ಟರ್ ಅವಳ ಮೂಗಿಗೆ ಹತ್ತಿ ಇಟ್ಟು, ತಲೆ ಮುಂದಕ್ಕೆ ಬಾಗಿಸಿ ಕೂರಿಸಿದ ಮೇಲೆ ನನ್ನ ಬಳಿ ಬಂದರು. ದನಿ ಎತ್ತಲಿಲ್ಲ.

"ಬೇರೆ ಎಲ್ಲಾದ್ರೂ ಕಲೀತಿದೀಯಾ?"

"ದೊಣ್ಣೆವರಸೆ, ಸರ್."

"ಅದು ಕೆಟ್ಟದ್ದು ಅಂತ ನಾನು ಹೇಳಲ್ಲ. ಆದ್ರೆ ಈ ವಯಸ್ಸಲ್ಲಿ ಕೈಗೆ ಒಂದೇ ಅಭ್ಯಾಸ ಇರುತ್ತೆ. ಯಾವ್ದು ಬೇಕು ಅಂತ ತೀರ್ಮಾನ ಮಾಡ್ಕೊಂಡು ಬಾ. ಇವತ್ತು ಬೆಲ್ಟಿಲ್ಲ."

ಅಪ್ಪ ಹೇಳಿದ ಮಾತೇ ಅದು. ಹೊರಗೆ ಮೆಟ್ಟಿಲ ಮೇಲೆ ಗೆಳತಿಯ ಪಕ್ಕ ಕೂತೆ. ಕ್ಷಮೆ ಕೇಳಲು ಬಾಯಿ ತೆರೆದರೆ ಅವಳೇ ಹತ್ತಿಯ ಮೂಗಿನಲ್ಲಿ ಮಾತಾಡಿದಳು: "ಅಮ್ಮಿ ಕೇಳಿದ್ರೆ ಏನ್ ಹೇಳ್ಲಿ? ಆಮೆ ಕಚ್ತು ಅಂತಾನಾ?"

ನನಗೆ ನಗು ಬರಲಿಲ್ಲ. ಪಂದ್ಯ ಸೋತದ್ದು, ಬೆಲ್ಟು ತಪ್ಪಿದ್ದು ಸಣ್ಣ ಮಾತು. ನಿಲ್ಲು ಎಂದು ಕೇಳಿಸಿಕೊಂಡ ಮೇಲೂ ನನ್ನ ಕೈ ನಿಂತಿರಲಿಲ್ಲ. ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಿದ್ದೆ. ಕುಣಿಯುವುದು ಅದಕ್ಕೆ ಹೇಗೂ ಬರುತ್ತಿತ್ತು. ಬಾರದೆ ಇದ್ದದ್ದು ನಿಲ್ಲುವುದು. ಇಷ್ಟವಾದದ್ದು ಕೋಲು, ಬೇಕಾದದ್ದು ಕರಾಟೆ. ಅಲ್ಲಿಂದ ನೇರವಾಗಿ ಜೋಗುಪಾಳ್ಯಕ್ಕೆ ಹೋದೆ, ತಡ ಮಾಡಿದರೆ ಮನಸ್ಸು ಬದಲಾದೀತೆಂದು.

ವಾದ್ಯಾರ್ ಎಲ್ಲವನ್ನೂ ಕೇಳಿಸಿಕೊಂಡರು. ಬೈಯುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು, "ಪೂರಾ ಒಳ್ಗೆ ಹೋಯ್ತಾ?"

"ಹೋಯ್ತು ವಾದ್ಯಾರೇ."

"ಪಾವಂ, ಪಾಪ, ಆ ಹುಡ್ಗಿ" ಎಂದರು. ಮುಖದಲ್ಲಿ ಮಾತ್ರ ಸಣ್ಣ ಸಂತೋಷ ಕಾಣುತ್ತಿತ್ತು. ನಾನು ನನ್ನ ಕೋಲನ್ನು ಗೋಡೆಗೆ ಒರಗಿಸಿದೆ. ಅವರು ಅದನ್ನು ಎತ್ತಿ ಮತ್ತೆ ನನ್ನ ಕೈಗೇ ಕೊಟ್ಟರು. "ತಗೊಂಡ್ ಹೋಗು. ನಿನ್ ಕೈ ಎಣ್ಣೆ ಕುಡ್ದಿರೋ ಕೋಲು, ಬೇರೆಯೋರ್ಗೆ ಹೊಂದಲ್ಲ. ಬಟ್ಟೆ ಒಣ್ಗಾಕು, ಅದ್ಕಾದ್ರೂ ಆಗುತ್ತೆ."

ನನಗಿಂತ ಉದ್ದದ ಬಿದಿರನ್ನು ನೋಡಿ ಕಂಡಕ್ಟರ್ ಬಸ್ಸಿನ ಬಾಗಿಲಲ್ಲೇ ತಡೆದ. "ಏನಮ್ಮ, ಪೆಂಡಾಲ್ ಹಾಕೋಕೆ ಹೊರಟ್ಯಾ? ಇಳಿ, ಇಳಿ." ಜೋಗುಪಾಳ್ಯದಿಂದ ನಡೆದೇ ಬಂದೆ. ಇಂದಿರಾನಗರದ ಅಡ್ಡರಸ್ತೆಗಳು ಆಗ ಮಧ್ಯಾಹ್ನ ನಿರ್ಜನವಾಗಿರುತ್ತಿದ್ದವು. ಒಂದೊಂದು ಖಾಲಿ ರಸ್ತೆ ಸಿಕ್ಕಾಗಲೂ ಕೋಲು ತಿರುಗಿಸಿದೆ. ಯಾರೋ ಗೇಟು ತೆರೆದ ಸದ್ದಾದರೆ ನಿಲ್ಲಿಸುತ್ತಿದ್ದೆ, ಮುಂದಿನ ತಿರುವಿನಲ್ಲಿ ಮತ್ತೆ ಶುರು.

ಅಪ್ಪ ಬಾಗಿಲಲ್ಲಿ ನಿಂತಿದ್ದರು. "ಯಾವುದು?"

"ಕರಾಟೆ."

"ಹಾಗಾದ್ರೆ ಇದು?"

"ಬಟ್ಟೆ ಒಣಗಿಸೋಕೆ."

ಅವರು ತಕ್ಷಣ ಕೋಲನ್ನು ಬಚ್ಚಲಿಗೆ ಹೋಗುವ ಓಣಿಗೆ ಅಡ್ಡ ಹಿಡಿದು ನೋಡಿದರು. ಎರಡು ಗೇಣು ಹೆಚ್ಚಾಯಿತು. ಒಳಗಿನಿಂದ ಗರಗಸ ತಂದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಅದರ ಹಲ್ಲನ್ನು ಗುರುತಿನ ಮೇಲಿಟ್ಟರು. ನಾನು ಅವರ ಮಣಿಕಟ್ಟು ಹಿಡಿದೆ. ಜೀವಮಾನದಲ್ಲಿ ಮೊದಲ ಬಾರಿ ಅಪ್ಪನ ಕೈ ಹಿಡಿದು ತಡೆದದ್ದು.

"ಕೊಯ್ಬೇಡಿ."

ಅವರು ನನ್ನ ಕೈಯನ್ನೂ ಮುಖವನ್ನೂ ನೋಡಿದರು. ಗರಗಸವನ್ನು ಅದರ ಮೊಳೆಗೆ ತೂಗುಹಾಕಿದರು. ಕೋಲನ್ನು ಓಣಿಯಲ್ಲಿ ಓರೆಯಾಗಿ, ಒಂದು ತುದಿ ಕಿಟಕಿಯ ಕಂಬಿಗೆ, ಇನ್ನೊಂದು ತುದಿ ಎದುರು ಗೋಡೆಯ ಕೊಕ್ಕೆಗೆ ಸಿಕ್ಕಿಸಿದರು. ಎಲ್ಲವೂ ನೇರವಾಗಿದ್ದ ನಮ್ಮ ಮನೆಯಲ್ಲಿ ಅದೊಂದೇ ಓರೆ. ತಗ್ಗಿದ ತುದಿ ಸರಿಯಾಗಿ ಅಪ್ಪನ ಹಣೆಯ ಎತ್ತರಕ್ಕಿತ್ತು. ಸೈರನ್ ಕೂಗುವ ಮುಂಚೆ ಸ್ನಾನಕ್ಕೆ ಹೋಗುವಾಗ ಅವರು ದಿನವೂ ಅಲ್ಲಿ ತಲೆ ತಗ್ಗಿಸಿ ದಾಟುತ್ತಿದ್ದರು.